ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯಲ್ಲಿ ಹೆಣ್ಣುಮಕ್ಕಳ ಚಳಿಯುಡುಪು

ಚಿತ್ರದುರ್ಗದ ಜಿಲ್ಲೆಯ ಈಶಾನ್ಯಕ್ಕೆ ಚಾಚಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ಹೊರಗಿನವರ ಮನಸ್ಸಿಗೆ ಮೊದಲು ತೋರುವುದು ಬಿಸಿಲು. ಮಳೆ ಕಡಿಮೆ, ಮರಗಳು ವಿರಳ, ಬಂಡೆಗಳೇ ಹೆಚ್ಚು. ಆದರೆ ಈ ಸೀಮೆಗೆ ಚಳಿಯೂ ಉಂಟೆಂಬುದನ್ನು ಇಲ್ಲಿ ವಾಸಮಾಡಿದವರು ಮಾತ್ರ ಬಲ್ಲರು. ಮಾರ್ಗಶಿರ ಪುಷ್ಯಗಳಲ್ಲಿ ಆಕಾಶವು ನಿರ್ಮಲವಾಗಿಯೂ ನೆಲವು ಬರಿದಾಗಿಯೂ ಇರುವುದರಿಂದ, ಹಗಲೆಲ್ಲ ಕಾಯ್ದ ಭೂಮಿಯು ರಾತ್ರಿ ಬೇಗನೆ ತಣಿದುಹೋಗುವುದು. ಬೆಳಗಿನ ಜಾವದಲ್ಲಿ ಮೂಡಗಾಳಿಯು ಬೀಸತೊಡಗಿದರೆ ತಡೆಯಲು ಗಿಡಮರಗಳಿಲ್ಲ. ಧನುರ್ಮಾಸದ ಪೂಜೆಯು ಸೂರ್ಯೋದಯಕ್ಕೆ ಮುಂಚೆಯೇ ನಡೆಯತಕ್ಕದ್ದಾದುದರಿಂದ, ಅಂಗಳವನ್ನು ಸಾರಿಸಿ ರಂಗವಲ್ಲಿಯನ್ನಿಡುವ ಕೆಲಸವು ಆ ಹೊತ್ತಿಗೇ ಬೀಳುವುದು. ಆ ಕೆಲಸವು ಮನೆಯ ಹೆಣ್ಣುಮಕ್ಕಳದು.

ಆ ಬಾಲಿಕೆಯರು ಏನನ್ನು ಧರಿಸಿಕೊಂಡು ಆ ಚಳಿಯಲ್ಲಿ ಹೊರಗೆ ಬರುತ್ತಿದ್ದರು? ಪ್ರಶ್ನೆಯು ಅಲ್ಪವೆಂದು ತೋರಬಹುದು. ಆದರೆ ನಮ್ಮ ಇತಿಹಾಸದ ಬರಹಗಳನ್ನು ಎಷ್ಟು ಹುಡುಕಿದರೂ ಇದಕ್ಕೆ ನೇರವಾದ ಉತ್ತರವು ದೊರೆಯುವುದು ದುರ್ಲಭ. ಉಣ್ಣೆಗೂ ರೇಷ್ಮೆಗೂ ಹೆಸರಾದ ಸೀಮೆಯಲ್ಲಿಯೇ ಈ ಮೌನವಿರುವುದರಿಂದ ಅದನ್ನು ಕುರಿತು ಕೆಲವು ಮಾತುಗಳನ್ನು ಬರೆಯಲು ಮನಸ್ಸಾಯಿತು.

ಚಳಿಯುಡುಪಿನ ವಿಚಾರವು ನಮ್ಮ ಪ್ರಾಚೀನರಿಗೆ ಅಪರಿಚಿತವಾದುದಲ್ಲ. ಅಮರಸಿಂಹನ ಕೋಶದಲ್ಲಿ ‘ನೀಶಾರ’ವೆಂಬ ಪದವಿದೆ, ಹಿಮವನ್ನೂ ಗಾಳಿಯನ್ನೂ ನಿವಾರಿಸುವ ಹೊದಿಕೆಯೆಂದು ಅದರ ಅರ್ಥ. ಈ ಶಬ್ದದ ಸಿದ್ಧಿಯನ್ನು ಹೇಳುವಾಗ ವೈಯಾಕರಣರು ಕೊಡುವ ಉದಾಹರಣೆಯನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು: ಮೈಮೇಲೆ ನೀಶಾರವಿಲ್ಲದ ಎತ್ತು ಶಿಶಿರದಲ್ಲಿ ಬಡವಾಗುವುದೆಂಬುದು ಅದರ ತಾತ್ಪರ್ಯ. ದೇವರ ಎತ್ತುಗಳನ್ನು ಪೂಜಿಸುವ ಮ್ಯಾಸಬೇಡರ ನಾಡಿನಲ್ಲಿ, ಅಮೃತಮಹಲ್ ಕಾವಲುಗಳ ನೆರೆಯಲ್ಲಿ ಬೆಳೆದ ನನಗೆ ಈ ಉದಾಹರಣೆಯು ಎಂದೂ ಮರೆತುದಿಲ್ಲ. ಎತ್ತಿನ ಚಳಿಯು ಶಾಸ್ತ್ರವನ್ನು ಸೇರಿತು. ಮಗಳ ಚಳಿಯು ಎಲ್ಲಿ ಸೇರಿತೆಂಬುದೇ ನಮ್ಮ ಪ್ರಶ್ನೆ.

ಉಣ್ಣೆಯ ವಿಷಯದಲ್ಲಿಯೂ ಹೀಗೆಯೇ. ಕಂಬಳಿಗೆ ತಕ್ಕ ಉಣ್ಣೆಯ ಒಂದು ತೂಕಕ್ಕೆ ‘ಕಂಬಲ್ಯ’ವೆಂಬ ಹೆಸರನ್ನು ಸಾಧಿಸಲು ಪಾಣಿನಿಯು ಸೂತ್ರವನ್ನೇ ರಚಿಸಿದನು, ಅದು ನೂರು ಪಲದ ತೂಕವೆಂದು ಕಾಶಿಕಾವೃತ್ತಿಯು ವಿವರಿಸುವುದು. ಕೌಟಿಲ್ಯನು ಸೂತ್ರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ, ಉಣ್ಣೆ, ಹತ್ತಿ ಮೊದಲಾದುವನ್ನು ನೂಲಲು ವಿಧವೆಯರನ್ನೂ ಅಂಗಹೀನರನ್ನೂ ಕನ್ಯೆಯರನ್ನೂ ನಿಯಮಿಸಬೇಕೆಂದಿದ್ದಾನೆ. ಮನೆಯಿಂದ ಹೊರಗೆ ಬಾರದ ಸ್ತ್ರೀಯರಿಗೆ ದಾಸಿಯರ ಮೂಲಕ ಗೌರವದಿಂದ ಕೆಲಸವನ್ನು ಕಳುಹಿಸಬೇಕೆಂದೂ ವಿಧಿಸಿದ್ದಾನೆ. ನೂಲುವ ಕನ್ಯೆಯು ಗ್ರಂಥದಲ್ಲಿ ಕಾಣುವಳು. ಆ ನೂಲಿನಿಂದಾದ ಬಟ್ಟೆಯನ್ನು ಅವಳು ಹೊದೆದಳೇ ಎಂಬುದು ಕಾಣದು.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿಯ ಕುರಿಗಳು ದಖ್ಖಣದ ತಳಿಯವು. ಅವುಗಳ ಉಣ್ಣೆಯು ಕಪ್ಪು, ಒರಟು, ಆದರೆ ಬಲು ಬಾಳಿಕೆಯದು. ವರ್ಷಕ್ಕೆ ಎರಡಾವರ್ತಿ ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಬಿಲ್ಲಿನಿಂದ ಎಕ್ಕಿ, ನೂಲುವ ಕೆಲಸವು ಕುರುಬರ ಮನೆಗಳಲ್ಲಿ ಹೆಂಗಸರದು. ಗಂಡಸರು ಕುಣಿಮಗ್ಗದಲ್ಲಿ ಕುಳಿತು ನೇಯುವರು. ನೂಲು ಗಟ್ಟಿಯಾಗಲೆಂದು ಹುಣಸೆಬೀಜದ ಸರಿಯನ್ನು ಹಾಸಿಗೆ ಬಳಿಯುವರು. ಹೊಸ ಕಂಬಳಿಯು ಹಲಗೆಯಂತೆ ಬಿರುಸಾಗಿರುವುದು ಈ ಕಾರಣದಿಂದ. ಬಣ್ಣವನ್ನು ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. 1800-1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಕುರುಬರ ಕುರಿಗಳನ್ನೂ ಕಂಬಳಿಗಳನ್ನೂ ಕುರಿತು ಬರೆದಿಟ್ಟಿದ್ದಾನೆ. ಬಿದಿರಿನ ಕೊಳವೆಯೊಳಗೆ ಸುತ್ತಿಡಬಹುದಾದಷ್ಟು ನಯವಾದ ಕಂಬಳಿಗಳು ಚಿತ್ರದುರ್ಗದ ಸೀಮೆಯಲ್ಲಿ ಹಿಂದೆ ಆಗುತ್ತಿದ್ದುವೆಂಬ ಹೇಳಿಕೆಯೂ ಉಂಟು. ವಿಜಯನಗರದ ಕಾಲದ ಶಾಸನಗಳಲ್ಲಿ ಮಗ್ಗದೆರೆಯ ಉಲ್ಲೇಖವು ಅಲ್ಲಲ್ಲಿ ಬರುವುದು. ಹೀಗೆ ತೆರಿಗೆಗೆ ಒಳಗಾದುದು, ಸಂತೆಗೆ ಬಂದುದು, ಪ್ರವಾಸಿಯ ಕಣ್ಣಿಗೆ ಬಿದ್ದುದು ಬರಹಕ್ಕೆ ಸೇರಿತು. ಮನೆಯೊಳಗೆ ಹೊಲಿದುದು ತೆರಿಗೆಯನ್ನು ಕೊಡಲಿಲ್ಲ. ಆದುದರಿಂದ ಅದಕ್ಕೆ ಶಾಸನವೂ ಇಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದುದು ಸರ್ವವಿದಿತವಾಗಿದೆ. ತಾಯಿತಂದೆಯರಲ್ಲಿ ವಿಧೇಯತೆಯಿರಬೇಕೆಂದು ಅಲ್ಲಿ ಚಕ್ರವರ್ತಿಯು ಬೋಧಿಸಿದ್ದಾನೆ. ಮಕ್ಕಳು ತಾಯಿಗೆ ಸಲ್ಲಿಸಬೇಕಾದುದು ಬಂಡೆಯ ಮೇಲಿದೆ. ತಾಯಿಯು ಮಕ್ಕಳಿಗೆ ಸಲ್ಲಿಸಿದುದನ್ನು ಬಟ್ಟೆಯಲ್ಲಿಯೇ ಹುಡುಕಬೇಕು.

ಕಂಬಳಿಯು ಮೂಲತಃ ಹೊಲಿಗೆಯಿಲ್ಲದ ವಸ್ತ್ರ. ರಾತ್ರಿ ಹೊದಿಕೆ, ಹಗಲು ಹಾಸಿಗೆ, ಮಳೆಬಂದರೆ ಕೊಪ್ಪೆ, ದೇವರ ಕಾರ್ಯದಲ್ಲಿ ಗದ್ದುಗೆ. ಒಂದೇ ವಸ್ತ್ರವು ಇಷ್ಟು ಕಾರ್ಯಗಳಿಗೆ ಒದಗುತ್ತಿರುವಾಗ ಅದನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಮಂಗಳಕಾರ್ಯಗಳಲ್ಲಿ ಹೊಲಿಗೆಯಿಲ್ಲದ ವಸ್ತ್ರವೇ ಶ್ರೇಷ್ಠವೆಂಬ ಸಂಪ್ರದಾಯವೂ ಕತ್ತರಿಗೆ ಅಡ್ಡಬಂದಿತು. ಆದರೆ ಮಡಿಯ ನಿಯಮವು ಎಳೆಯ ಮಕ್ಕಳನ್ನು ಕಟ್ಟಿಹಾಕಲಿಲ್ಲ. ಆದಕಾರಣ ಮನೆಯ ಹೊಲಿಗೆಯು ಮೊದಲು ಮಕ್ಕಳ ಉಡುಪಿನಲ್ಲಿಯೇ ಬೆಳೆದಿರಬೇಕೆಂದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವು ಕುಂಚಿಗೆ. ಅಗಲವಾದ ಬಟ್ಟೆಯನ್ನು ಎರಡಾಗಿ ಮಡಿಸಿ ಒಂದು ಅಂಚನ್ನು ಹೊಲಿದರೆ ತಲೆಗೆ ಗೂಡಾಯಿತು; ಉಳಿದ ಭಾಗವು ಬೆನ್ನಮೇಲೆ ಇಳಿಯುವುದು; ಗಲ್ಲದ ಕೆಳಗೆ ಎರಡು ಕಸೆ. ಕಿವಿ, ನೆತ್ತಿ, ಬೆನ್ನು, ಈ ಮೂರನ್ನೂ ಒಂದೇ ಹೊಲಿಗೆಯಿಂದ ಕಾಯುವ ಈ ಉಡುಪಿಗಿಂತ ಸರಳವಾದುದನ್ನು ನಾನು ಕಾಣೆನು.

ಆದರೆ ಕುಂಚಿಗೆಯು ಕೂಸಿಗೆ ಮಾತ್ರ. ಸೀರೆಯುಡುವ ವಯಸ್ಸು ಬಂದಮೇಲೆ ಸೆರಗನ್ನು ಹೊದೆಯಬಹುದು. ಇವೆರಡರ ನಡುವಿನ ಆರೇಳು ವರ್ಷದಿಂದ ಹನ್ನೆರಡು ಹದಿಮೂರು ವರ್ಷದವರೆಗಿನ ಬಾಲಿಕೆಗೆ ಲಂಗ, ಕುಪ್ಪಸಗಳಲ್ಲದೆ ಬೇರೇನಿತ್ತು? ಮನೆಯೊಳಗೆ ಒಲೆಯ ಮುಂದೆ ಕುಳಿತಿರುವಷ್ಟು ಕಾಲ ಈ ಕೊರತೆಯು ತೋರಲಿಲ್ಲ. ಅವಳು ಪುಸ್ತಕವನ್ನು ಹಿಡಿದು ಬೆಳಗಿನ ಹೊತ್ತು ಬೀದಿಗೆ ಇಳಿದಾಗ ತೋರಿತು. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯು ಸ್ಥಾಪಿತವಾಯಿತು. ಕ್ರಮೇಣ ಊರೂರುಗಳಲ್ಲಿ ಹುಡುಗಿಯರು ಓದತೊಡಗಿದರು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಒಂದು ಪಾಠವಾಗಿತ್ತು. ಹೀಗೆ ಶಾಲೆಯು ಚಳಿಯುಡುಪಿನ ಅವಶ್ಯಕತೆಯನ್ನೂ ಅದನ್ನು ಹೊಲಿಯುವ ವಿದ್ಯೆಯನ್ನೂ ಒಟ್ಟಿಗೇ ತಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಂಗಳೂರಿನ ಗಿರಣಿಯ ಉಣ್ಣೆಯ ಬಟ್ಟೆಯೂ ಬಂದಿತು. ಆದರೆ ನಮ್ಮ ಕಡೆಯ ಸಾಧಾರಣ ಗೃಹಸ್ಥರಿಗೆ ಅದು ಕೈಗೆಟುಕುವ ಬೆಲೆಯದಾಗಿರಲಿಲ್ಲ. ಹಳೆಯ ಕಂಬಳಿಗೆ ಕತ್ತರಿ ಬಿದ್ದುದು ಆಗಲೇ.

ನಮ್ಮ ತಾಯಿಯವರು ನನ್ನ ಅಕ್ಕಂದಿರಿಬ್ಬರಿಗೆ ಹೊಲಿಯುತ್ತಿದ್ದ ಕ್ರಮವನ್ನು ಕಣ್ಣಾರೆ ಕಂಡವನಾದುದರಿಂದ ಇಲ್ಲಿ ಬರೆದಿಡುವೆನು. ಹೊಸ ಕಂಬಳಿಯು ಇದಕ್ಕೆ ಸಲ್ಲದು. ಹಲವು ಮಳೆಗಾಲ ನೆನೆದು ಸರಿಯೆಲ್ಲ ಬಿಟ್ಟುಹೋದುದೇ ಆಗಬೇಕು. ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವರು. ಅಳತೆಗೆ ಪಟ್ಟಿಯಿರಲಿಲ್ಲ; ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಗೇಣಿನಿಂದ ಅಳೆದು, ಉದ್ದಕ್ಕೆ ಒಂದು ಗೇಣನ್ನು ಹೆಚ್ಚಾಗಿ ಬಿಡುವರು. ಸವೆದ ಭಾಗವನ್ನು ತೋಳಿಗೂ ಗಟ್ಟಿಯಾದುದನ್ನು ಬೆನ್ನಿಗೂ ಎದೆಗೂ ಇಟ್ಟು ಕತ್ತರಿಸುವರು. ಕಂಬಳಿಯ ನೂಲು ದಪ್ಪವಾದುದರಿಂದ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದು. ಅದಕ್ಕಾಗಿ ಅಂಚನ್ನು ಮಡಿಸಿ ಉಣ್ಣೆಯ ನೂಲಿನಿಂದಲೇ ದಬ್ಬಣದಲ್ಲಿ ಸುತ್ತುಹೊಲಿಗೆ ಹಾಕುವರು. ಹೆಚ್ಚಾಗಿ ಬಿಟ್ಟ ಗೇಣುದ್ದವನ್ನು ಒಳಕ್ಕೆ ಮಡಿಸಿಡುವರು. ವರ್ಷಕ್ಕೊಮ್ಮೆ ಒಂದೊಂದು ಮಡಿಕೆಯನ್ನು ಬಿಚ್ಚಿದರೆ ಅಂಗಿಯು ಮಗುವಿನೊಡನೆ ಬೆಳೆಯುವುದು. ದೊಡ್ಡವಳಿಗೆ ಸಾಲದಾದಾಗ ಚಿಕ್ಕವಳಿಗೆ ಬರುವುದು.

ಇಷ್ಟಾದರೂ ಒರಟು ಉಣ್ಣೆಯು ಎಳೆಯ ಮೈಗೆ ಚುಚ್ಚುವುದು. ಅದಕ್ಕೆ ಒಳಗಡೆ ಹಳೆಯ ಸೀರೆಯ ಅಸ್ತರನ್ನು ಕೊಡುವರು. ಮೊಳಕಾಲ್ಮೂರು ರೇಷ್ಮೆಸೀರೆಗಳ ಊರು. ಆ ಸೀರೆಗಳು ಈಗ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿವೆ. ನಮ್ಮ ತಾಯಿಯವರ ಮದುವೆಯ ಕಾಲದ ಮೊಳಕಾಲ್ಮೂರಿನ ಸೀರೆಯೊಂದು ಮಡಿಕೆಗಳಲ್ಲಿ ಸೀಳಿ ಉಡಲು ಬಾರದಂತಾಗಿತ್ತು. ಅದರ ಒಡಲನ್ನು ಕತ್ತರಿಸಿ ಕುತ್ತಿಗೆಗೂ ತೋಳಿನ ಒಳಭಾಗಕ್ಕೂ ಕೊಟ್ಟರು. ಹೊರಗೆ ಚಳ್ಳಕೆರೆಯ ಕಪ್ಪು ಕಂಬಳಿ, ಒಳಗೆ ಮೊಳಕಾಲ್ಮೂರಿನ ರೇಷ್ಮೆ. ಹೊರಗಿನವರಿಗೆ ಕಂಬಳಿಯು ಮಾತ್ರ ಕಾಣುತ್ತಿತ್ತು. ಶಾಲೆಯಲ್ಲಿ ಕೆಲವರು ನಕ್ಕುದೂ ಉಂಟು. ಅಕ್ಕಂದಿರು ಮಾತ್ರ ಅದನ್ನು ಬಿಡಲಿಲ್ಲ.

ಈ ವಿಷಯದಲ್ಲಿ ನನ್ನ ತಪ್ಪೊಂದನ್ನೂ ಹೇಳಬೇಕಾಗಿದೆ. ನಾನು ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ, ಶನಿವಾರದ ಬೆಳಗಿನ ಶಾಲೆಗೆ ತಡವಾಗಿ ಬರುತ್ತಿದ್ದ ಹುಡುಗಿಯೊಬ್ಬಳನ್ನು ಎಲ್ಲರೆದುರು ಗದರಿಸಿ ಬಾಗಿಲಲ್ಲಿ ನಿಲ್ಲಿಸಿದೆನು. ಅವಳ ಮನೆಯಲ್ಲಿ ಇದ್ದ ಒಂದು ಕಂಬಳಿಯನ್ನು ಅಜ್ಜಿಯೂ ಮೂವರು ಮಕ್ಕಳೂ ಹೊದೆಯುತ್ತಿದ್ದರೆಂದೂ, ಬಿಸಿಲು ಬೀದಿಗೆ ಇಳಿದಮೇಲೆಯೇ ಅವಳು ಹೊರಡುತ್ತಿದ್ದಳೆಂದೂ ಬಹುಕಾಲದ ಮೇಲೆ ತಿಳಿಯಿತು. ಎತ್ತಿನ ನೀಶಾರವನ್ನು ಬಾಯಿಪಾಠ ಮಾಡಿದವನಿಗೆ ಎದುರಿಗೆ ನಡುಗುತ್ತಿದ್ದ ಮಗುವಿನ ಚಳಿಯು ತೋರಲಿಲ್ಲ. ಚಳಿಗಾಲದಲ್ಲಿ ಮೊದಲ ಗಂಟೆಗೆ ಬಾರದ ಮಕ್ಕಳೆಲ್ಲರೂ ಸೋಮಾರಿಗಳಲ್ಲವೆಂಬುದನ್ನು ಅಂದಿನಿಂದ ಅರಿತೆನು.

ಆದುದರಿಂದ ಹಿಂದಿನ ಕಾಲದಲ್ಲಿ ಎಲ್ಲ ಹೆಣ್ಣುಮಕ್ಕಳೂ ಬೆಚ್ಚಗಿದ್ದರೆಂದು ಬರೆದರೆ ಅದು ಇತಿಹಾಸವಾಗದು. ಹೊಲಿಯಲು ಹಳೆಯ ಬಟ್ಟೆಯಾದರೂ ಮನೆಯಲ್ಲಿರಬೇಕು. ಬಟ್ಟೆಯಿದ್ದರೂ ರೂಢಿಯು ಬಿಡಬೇಕು. ನಮ್ಮ ಜಿಲ್ಲೆಯಲ್ಲಿಯೂ ನೆರೆಯ ತುಮಕೂರು ಜಿಲ್ಲೆಯಲ್ಲಿಯೂ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಸೂತಕದ ಕಾರಣದಿಂದ ಬಾಣಂತಿಯನ್ನೂ ಶಿಶುವನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ವಾಡಿಕೆಯು ನಡೆದುಬಂದಿದೆ. 2023ರಲ್ಲಿ ತುಮಕೂರು ಜಿಲ್ಲೆಯ ಹಟ್ಟಿಯೊಂದರಲ್ಲಿ ಹೀಗೆ ಹೊರಗಿರಿಸಿದ ಶಿಶುವು ಮಳೆಚಳಿಗಳಲ್ಲಿ ತೀರಿಕೊಂಡುದು ಎಲ್ಲರನ್ನೂ ನೋಯಿಸಿತು. ಕುರಿ ಕಾಯುವವರ ಕೂಸಿಗೇ ಉಣ್ಣೆಯ ಆಶ್ರಯವಿಲ್ಲವಾದುದು ಎಂತಹ ವಿಪರ್ಯಾಸ! ಆಚಾರವು ಜೀವರಕ್ಷಣೆಗಾಗಿ ಹುಟ್ಟಿದುದು. ಜೀವವನ್ನು ಕೊಂಡೊಯ್ಯುವ ಆಚಾರವನ್ನು ಬಿಡುವುದಕ್ಕೆ ಧರ್ಮಶಾಸ್ತ್ರದ ಅಪ್ಪಣೆಯನ್ನು ಕಾಯಬೇಕಾದುದಿಲ್ಲ.

ಈಗ ಉಣ್ಣೆಯ ಮೂಲವೇ ಬತ್ತುತ್ತಿದೆ. 2009-10ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನಗಳಿಗೆ ಸಂಬಂಧಿಸಿದ ಸಂಸ್ಥೆಗಳಿಗೆ ಹಂಚಲ್ಪಟ್ಟಿತು. ಆ ವಿದ್ಯೆಗಳು ದೇಶಕ್ಕೆ ಬೇಕಾದುವೇ. ಆದರೆ ದೊಡ್ಡ ಉಳ್ಳಾರ್ತಿ ಮೊದಲಾದ ಊರುಗಳ ಕುರಿಗಳಿಗೆ ಮೇವು ಕಡಿಮೆಯಾದುದೂ, ಕುರಿಯೊಡನೆ ನೂಲುವವರ ಮತ್ತು ನೇಯುವವರ ಕೆಲಸವು ಕುಗ್ಗಿದುದೂ ಸುಳ್ಳಲ್ಲ. ಇತ್ತ ಅಂಗಡಿಯಲ್ಲಿ ಅಲ್ಪಬೆಲೆಗೆ ಕೃತಕ ನೂಲಿನ ಸ್ವೆಟರುಗಳು ದೊರೆಯುವುವು. ಬಡವರ ಮಕ್ಕಳಿಗೂ ಅವು ಒದಗುತ್ತಿರುವುದು ಸಂತೋಷವೇ. ಅದನ್ನು ಹಳಿಯುವುದು ಸಲ್ಲದು. ಆದರೆ ಮಗುವಿನೊಡನೆ ಬೆಳೆಯುವಂತೆ ಅಂಗಿಯನ್ನು ಹೊಲಿಯುವ ಕೈಗೆಲಸವು ಬಲ್ಲವರೊಡನೆಯೇ ಮುಗಿದುಹೋಗಬಾರದು.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಕುಂಚಿಗೆಯೋ ಕಂಬಳಿಯ ಅಂಗಿಯೋ ಉಳಿದಿದ್ದರೆ ಅದನ್ನು ಚಿಂದಿಯೆಂದು ಎಸೆಯದಿರಬೇಕು. ಯಾರು ಯಾರಿಗಾಗಿ ಯಾವ ವರ್ಷ ಹೊಲಿದರು, ಬಟ್ಟೆ ಎಲ್ಲಿಯದು, ಹೊಲಿಗೆ ಹೇಗೆ, ಇಷ್ಟನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದಿಟ್ಟರೆ ಸಾಕು. ನನ್ನ ಹಿರಿಯಕ್ಕನವರು ತಮ್ಮ ಅಂಗಿಯನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಉಣ್ಣೆಯನ್ನು ನುಸಿ ತಿಂದಿದೆ, ರೇಷ್ಮೆಯು ಪುಡಿಯಾಗುತ್ತಿದೆ. ಕೆಳಗಿನ ಕೊನೆಯ ಮಡಿಕೆಯೊಂದು ಮಾತ್ರ ಬಿಚ್ಚದೆ ಹಾಗೆಯೇ ಉಳಿದಿದೆ. ಅದನ್ನು ಬಿಚ್ಚುವ ವರ್ಷಕ್ಕೆ ಅವರು ಸೀರೆಯುಟ್ಟಿದ್ದರು.