ಚಿತ್ರಕಥೆಯ ನೀತಿ, ನಿಯಮಾವಳಿಯ ನೀತಿ



‘ಈ ಕಥೆಯ ನೀತಿಯೇನು?’ ಎಂಬ ಪ್ರಶ್ನೆಯನ್ನು ನೀವು ಕೆಳಗಿನ ತರಗತಿಗಳಿಂದಲೂ ಎದುರಿಸುತ್ತ ಬಂದಿದ್ದೀರಿ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಸಾಲಿನ ಉತ್ತರ ಬರೆದರೆ ಸಾಕು. ಆದರೆ ಕಥೆಯ ನೀತಿಯನ್ನು ನಿರ್ಧರಿಸುವವರು ಯಾರು? ಬರೆದವರೇ, ಓದುವವರೇ ಅಥವಾ ಓದಲು ಅಪ್ಪಣೆ ಕೊಡುವವರೇ? 1950ರ ದಶಕದ ಅಮೆರಿಕದಲ್ಲಿ ಈ ಪ್ರಶ್ನೆ ಪಾಠದ ಕೋಣೆಯನ್ನು ದಾಟಿ ಸಂಸತ್ತಿನವರೆಗೂ ಹೋಯಿತು. ಆ ಗದ್ದಲದ ನಡುವೆ ಸಿಕ್ಕಿಕೊಂಡದ್ದು ಹತ್ತು ಸೆಂಟ್ ಬೆಲೆಯ ಚಿತ್ರಕಥೆ ಪುಸ್ತಕದಲ್ಲಿದ್ದ ಒಂದು ಪುಟ್ಟ ವಿಜ್ಞಾನಕಥೆ. ಅದರ ಹೆಸರು ‘ಜಡ್ಜ್‌ಮೆಂಟ್ ಡೇ’, ಅಂದರೆ ‘ತೀರ್ಪಿನ ದಿನ’. ಆ ಕಥೆಯ ಕಥೆಯನ್ನು ಈಗ ನೋಡೋಣ.

ಹತ್ತು ಸೆಂಟಿನ ಪುಸ್ತಕಗಳು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಮೆರಿಕದ ಮಕ್ಕಳ ಕೈಯಲ್ಲಿ ಕಾಮಿಕ್ಸ್ ಇಲ್ಲದ ದಿನವೇ ಇರಲಿಲ್ಲ. ಪತ್ರಿಕೆ ಮಾರುವ ಅಂಗಡಿಗಳಲ್ಲಿ ಅವು ರಾಶಿ ರಾಶಿಯಾಗಿ ದೊರೆಯುತ್ತಿದ್ದವು. ಮ್ಯಾಕ್ಸ್ ಗೇನ್ಸ್ ಎಂಬ ಪ್ರಕಾಶಕರು 1944ರಲ್ಲಿ ‘ಎಜುಕೇಷನಲ್ ಕಾಮಿಕ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿ ಬೈಬಲ್, ಇತಿಹಾಸ ಮತ್ತು ವಿಜ್ಞಾನದ ಚಿತ್ರಕಥೆಗಳನ್ನು ಹೊರತಂದರು. 1947ರಲ್ಲಿ ಅವರು ದೋಣಿ ಅಪಘಾತದಲ್ಲಿ ತೀರಿಕೊಂಡಾಗ, ರಸಾಯನಶಾಸ್ತ್ರದ ಅಧ್ಯಾಪಕನಾಗಬೇಕೆಂದು ಓದುತ್ತಿದ್ದ 25 ವರ್ಷದ ಮಗ ವಿಲಿಯಂ ಗೇನ್ಸ್ ಸಂಸ್ಥೆಯ ಹೊಣೆ ಹೊರಬೇಕಾಯಿತು.

ಮಗ ಬೇರೆ ದಾರಿ ಹಿಡಿದರು. ಸಂಸ್ಥೆಯ ಹೆಸರಿನಲ್ಲಿದ್ದ ‘ಶಿಕ್ಷಣ’ ಹೋಗಿ ‘ಮನರಂಜನೆ’ ಬಂತು, ಇ.ಸಿ. ಎಂಬ ಎರಡು ಅಕ್ಷರಗಳು ಮಾತ್ರ ಹಾಗೆಯೇ ಉಳಿದವು. ಸಂಪಾದಕ ಅಲ್ ಫೆಲ್ಡ್‌ಸ್ಟೈನ್ ಅವರೊಡನೆ ಸೇರಿ 1950ರಿಂದ ಗೇನ್ಸ್ ಭಯಾನಕ ಕಥೆ, ಅಪರಾಧ ಕಥೆ ಮತ್ತು ವಿಜ್ಞಾನಕಥೆಗಳ ಮಾಲೆಗಳನ್ನು ಹೊರಡಿಸಿದರು. ಹಣ ತಂದುಕೊಟ್ಟದ್ದು ಹೆಚ್ಚಾಗಿ ಭಯಾನಕ ಕಥೆಗಳು. ಆದರೆ ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಇಬ್ಬರಿಗೂ ಮೆಚ್ಚುಗೆಯಾಗಿದ್ದವು ‘ವಿಯರ್ಡ್ ಸೈನ್ಸ್’ ಮತ್ತು ‘ವಿಯರ್ಡ್ ಫ್ಯಾಂಟಸಿ’ ಎಂಬ ಎರಡು ವಿಜ್ಞಾನಕಥೆಯ ಪತ್ರಿಕೆಗಳು.

ಕಿತ್ತಳೆ ಬಣ್ಣ, ನೀಲಿ ಬಣ್ಣ

‘ತೀರ್ಪಿನ ದಿನ’ ಪ್ರಕಟವಾದದ್ದು 1953ರಲ್ಲಿ, ‘ವಿಯರ್ಡ್ ಫ್ಯಾಂಟಸಿ’ಯ 18ನೆಯ ಸಂಚಿಕೆಯಲ್ಲಿ. ಕಥೆ ಫೆಲ್ಡ್‌ಸ್ಟೈನ್ ಅವರದು, ಚಿತ್ರಗಳು ಜೋ ಒರ್ಲಾಂಡೊ ಅವರವು.

ಸೈಬ್ರಿನಿಯ ಎಂಬುದು ಯಂತ್ರಮಾನವರು ಮಾತ್ರ ವಾಸಿಸುವ ಗ್ರಹ. ಬಹಳ ಕಾಲದ ಹಿಂದೆ ಭೂಮಿಯ ಮನುಷ್ಯರು ಅವರನ್ನು ಅಲ್ಲಿ ನೆಲೆಗೊಳಿಸಿ, ತಮ್ಮ ಬಾಳನ್ನು ತಾವೇ ಕಟ್ಟಿಕೊಳ್ಳಲಿ ಎಂದು ಬಿಟ್ಟು ಹೋಗಿರುತ್ತಾರೆ. ಈಗ ಆ ಗ್ರಹವು ಭೂಮಿಯೂ ಸೇರಿರುವ ದೊಡ್ಡ ಗಣರಾಜ್ಯಕ್ಕೆ ಸೇರಲು ಬಯಸುತ್ತದೆ. ಅದಕ್ಕೆ ಯೋಗ್ಯತೆ ಇದೆಯೇ ಎಂದು ಪರೀಕ್ಷಿಸಲು ಟಾರ್ಲ್‌ಟನ್ ಎಂಬ ಅಧಿಕಾರಿ ಬರುತ್ತಾನೆ. ಮೈತುಂಬ ಅಂತರಿಕ್ಷ ಯಾತ್ರಿಯ ಉಡುಪು. ತಲೆಯ ಮೇಲೆ ಮುಖ ಕಾಣದಂತೆ ಮುಚ್ಚಿದ ಶಿರಸ್ತ್ರಾಣ.

ಕಿತ್ತಳೆ ಬಣ್ಣದ ಯಂತ್ರಮಾನವನೊಬ್ಬ ಹೆಮ್ಮೆಯಿಂದ ಊರು ತೋರಿಸುತ್ತಾನೆ. ಸರ್ಕಾರವಿದೆ, ಕಾರ್ಖಾನೆಗಳಿವೆ, ಎಲ್ಲವೂ ಅಚ್ಚುಕಟ್ಟು. ಆದರೆ ನೀಲಿ ಬಣ್ಣದ ಯಂತ್ರಮಾನವರು ಎಲ್ಲಿ ತಯಾರಾಗುತ್ತಾರೆ ಎಂದು ಟಾರ್ಲ್‌ಟನ್ ಕೇಳಿದಾಗ ಮಾರ್ಗದರ್ಶಿಗೆ ಇರಿಸುಮುರಿಸಾಗುತ್ತದೆ. ನೀಲಿಯವರ ಕೇರಿ ಬೇರೆ. ವಾಹನದಲ್ಲಿ ಅವರ ಸ್ಥಾನ ಹಿಂದೆ. ಅವರ ಕಾರ್ಖಾನೆಯನ್ನೂ ಟಾರ್ಲ್‌ಟನ್ ನೋಡುತ್ತಾನೆ. ಒಳಗಿನ ಭಾಗಗಳು ಕಿತ್ತಳೆಯವರಿಗೆ ಇರುವಂಥವೇ. ವ್ಯತ್ಯಾಸ ಹೊರಗಿನ ಹೊದಿಕೆಯ ಬಣ್ಣದಲ್ಲಿ ಮಾತ್ರ. ಕೊನೆಗೆ ಅವರ ತಲೆಗೆ ತಿಳಿವಳಿಕೆ ತುಂಬುವ ಯಂತ್ರದ ಬಳಿ ಭೇದ ಎಲ್ಲಿ ಹುಟ್ಟುತ್ತದೆ ಎಂಬುದು ಅವನಿಗೆ ಅರ್ಥವಾಗುತ್ತದೆ. ಕಿತ್ತಳೆಯವನು ಯಾವುದಕ್ಕೆ ಯೋಗ್ಯ, ನೀಲಿಯವನು ಯಾವುದಕ್ಕೆ ಯೋಗ್ಯ ಎಂಬುದನ್ನು ಅಲ್ಲಿಯೇ ಕಲಿಸಲಾಗುತ್ತದೆ.

ಗಣರಾಜ್ಯಕ್ಕೆ ಸೇರಲು ನೀವಿನ್ನೂ ಸಿದ್ಧರಾಗಿಲ್ಲ ಎಂದು ತೀರ್ಪು ಹೇಳಿ ಟಾರ್ಲ್‌ಟನ್ ಹೊರಡುತ್ತಾನೆ. ಭೂಮಿಯಲ್ಲಿಯೂ ಒಂದು ಕಾಲದಲ್ಲಿ ಹೀಗೆಯೇ ಇತ್ತು, ಅಲ್ಲಿನವರು ಕಲಿತರು, ನೀವೂ ಕಲಿಯಬಹುದು ಎಂಬ ಭರವಸೆಯನ್ನೂ ಕೊಡುತ್ತಾನೆ. ರಾಕೆಟ್ಟಿನೊಳಗೆ ಕುಳಿತು ಅವನು ಶಿರಸ್ತ್ರಾಣ ತೆಗೆಯುವುದೇ ಕಥೆಯ ಕೊನೆಯ ಚಿತ್ರ. ಅವನು ಕಪ್ಪು ಮೈಬಣ್ಣದವನು. ಹಣೆಯ ಮೇಲಿನ ಬೆವರ ಹನಿಗಳು ಹೊಳೆಯುತ್ತಿವೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು ವಿಜ್ಞಾನಕಥೆಯ ಗುಣ. ನಮ್ಮ ದುರ್ಗಸಿಂಹನ ‘ಕರ್ನಾಟಕ ಪಂಚತಂತ್ರ’ದಲ್ಲಿ ಪ್ರಾಣಿಗಳು ಮನುಷ್ಯರ ಮಾತನ್ನು ಆಡುವಂತೆ ಇಲ್ಲಿ ಯಂತ್ರಗಳು ಆಡುತ್ತವೆ. ದೂರದ ಗ್ರಹದ ಮಾತೆಂದು ಓದುಗನು ಯಾವ ಹಿಂಜರಿಕೆಯೂ ಇಲ್ಲದೆ ನ್ಯಾಯದ ಪಕ್ಷ ವಹಿಸುತ್ತಾನೆ. ಎರಡನೆಯದು ಚಿತ್ರಕಥೆಯ ಗುಣ. ಕಥೆಯುದ್ದಕ್ಕೂ ನಾಯಕ ಕಣ್ಣೆದುರಿಗೇ ಇದ್ದಾನೆ, ಆದರೆ ಮುಖವಿಲ್ಲ. ಅಂದಿನ ಬಿಳಿಯ ಓದುಗನು ಆ ಜಾಗದಲ್ಲಿ ತಾನಾಗಿಯೇ ಒಂದು ಬಿಳಿಯ ಮುಖವನ್ನು ಬರೆದುಕೊಂಡಿರುತ್ತಾನೆ. ಕೊನೆಯ ಚೌಕಟ್ಟು ಅದನ್ನು ಅಳಿಸಿಹಾಕುತ್ತದೆ. ಇಷ್ಟು ಹೊತ್ತು ಯಂತ್ರಮಾನವರ ಮೇಲೆ ತೀರ್ಪು ಹೇಳುತ್ತಿದ್ದ ಓದುಗನು ಈಗ ತಾನೇ ಕಟಕಟೆಯಲ್ಲಿ ನಿಂತಿರುತ್ತಾನೆ.

ಈ ಕಥೆ ಅಚ್ಚಾದಾಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಹಿಂದಿನ ಆಸನ ಎಂಬುದು ಕಾನೂನೇ ಆಗಿತ್ತು. ಮಾಂಟ್‌ಗಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ತಮ್ಮ ಆಸನ ಬಿಟ್ಟುಕೊಡಲು ನಿರಾಕರಿಸಿದ್ದು ಇದಾದ ಎರಡು ವರ್ಷಗಳ ಮೇಲೆ, 1955ರ ಡಿಸೆಂಬರಿನಲ್ಲಿ.

ವೈದ್ಯರ ದೂರು

ಇತ್ತ ಕಾಮಿಕ್ಸ್ ವಿರುದ್ಧ ದೊಡ್ಡ ಕೂಗು ಎದ್ದಿತ್ತು. 1948ರಲ್ಲಿಯೇ ಪಶ್ಚಿಮ ವರ್ಜೀನಿಯದ ಸ್ಪೆನ್ಸರ್, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಮುಂತಾದ ಊರುಗಳಲ್ಲಿ ಶಾಲಾ ಮಕ್ಕಳ ಕೈಯಿಂದಲೇ ಕಾಮಿಕ್ಸ್ ರಾಶಿಗೆ ಬೆಂಕಿ ಹಚ್ಚಿಸಲಾಗಿತ್ತು. ಈ ಕೂಗಿಗೆ ವಿದ್ವತ್ತಿನ ಬಲ ಕೊಟ್ಟವರು ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್. ಕಾಮಿಕ್ಸ್ ಓದುವ ಮಕ್ಕಳು ಅಪರಾಧದ ದಾರಿ ಹಿಡಿಯುತ್ತಾರೆ ಎಂದು ವಾದಿಸಿದ ಅವರ ಪುಸ್ತಕ 1954ರಲ್ಲಿ ಹೊರಬಂತು.

ವರ್ಥಾಮ್ ಅವರನ್ನು ಖಳನಾಯಕನೆಂದು ಭಾವಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. 1946ರಲ್ಲಿ ಅವರು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಕಪ್ಪು ಜನರಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಶುಲ್ಕ 25 ಸೆಂಟ್. ಅದೂ ಇಲ್ಲದವರಿಗೆ ಉಚಿತ. ಬೇರೆ ಬೇರೆ ಶಾಲೆಗಳ ಪದ್ಧತಿ ಮಕ್ಕಳ ಮನಸ್ಸನ್ನು ಹೇಗೆ ಗಾಸಿಗೊಳಿಸುತ್ತದೆ ಎಂದು ಅವರು ಡೆಲವೇರ್ ರಾಜ್ಯದ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದರು. ಆ ಮೊಕದ್ದಮೆಯೂ ಸೇರಿದ ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದು ಶಾಲೆಗಳಲ್ಲಿನ ವರ್ಣಭೇದವನ್ನು ಸಂವಿಧಾನಬಾಹಿರವೆಂದು ಸಾರಿತು. ವರ್ಣದ್ವೇಷವನ್ನು ಅಷ್ಟು ಗಟ್ಟಿಯಾಗಿ ವಿರೋಧಿಸಿದ ವೈದ್ಯರೂ ಅದನ್ನೇ ವಿರೋಧಿಸಿ ಕಥೆ ಅಚ್ಚು ಹಾಕಿದ ಪ್ರಕಾಶಕರೂ ಎದುರಾಳಿಗಳಾಗಿ ನಿಂತದ್ದು ಈ ಇತಿಹಾಸದ ದೊಡ್ಡ ವಿಪರ್ಯಾಸ.

ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಪುರಾವೆ ಸರಿಯಾಗುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದ ವರ್ಥಾಮ್ ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದುಕೊಂಡವು. ಅವನ್ನು ಪುಸ್ತಕದೊಡನೆ ಹೋಲಿಸಿ ನೋಡಿದ ವಿದ್ವಾಂಸೆ ಕ್ಯಾರಲ್ ಟಿಲ್ಲಿ, ತಮ್ಮ ವಾದಕ್ಕೆ ಹೊಂದುವಂತೆ ವೈದ್ಯರು ಮಕ್ಕಳ ಹೇಳಿಕೆಗಳನ್ನು ತಿದ್ದಿದ್ದಾರೆ, ಕೆಲವು ವಿವರಗಳನ್ನು ಬಿಟ್ಟಿದ್ದಾರೆ ಎಂದು 2012ರಲ್ಲಿ ತೋರಿಸಿಕೊಟ್ಟರು.

ನಿಯಮಾವಳಿ ಬಂತು

1954ರ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ ವಿಚಾರಣೆ ಆರಂಭಿಸಿತು. ವರ್ಥಾಮ್ ಸಾಕ್ಷ್ಯ ಹೇಳಿದರು. ಅದೇ ದಿನ ಗೇನ್ಸ್ ಕೂಡ ಹೇಳಿದರು. ಕೊಡಲಿ ಹಿಡಿದವನ ಇನ್ನೊಂದು ಕೈಯಲ್ಲಿ ಹೆಂಗಸಿನ ಕತ್ತರಿಸಿದ ತಲೆ ನೇತಾಡುತ್ತಿದ್ದ ಇ.ಸಿ. ಪತ್ರಿಕೆಯ ಮುಖಪುಟವನ್ನು ಸೆನೆಟರ್ ಎಸ್ಟೆಸ್ ಕೀಫಾವರ್ ಎತ್ತಿ ಹಿಡಿದು, ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಪತ್ರಿಕೆಯ ಮುಖಪುಟವೆಂಬ ಅರ್ಥದಲ್ಲಿ ಹೌದು ಎಂದು ಗೇನ್ಸ್ ಉತ್ತರಿಸಿದರು. ಆ ಉತ್ತರ ಅವರಿಗೇ ಮುಳುವಾಯಿತು. ಅಂಥ ಚಿತ್ರವನ್ನು ಎಳೆಯ ಮಗುವಿನ ಕೈಯಲ್ಲಿ ಕಂಡ ತಾಯಿತಂದೆಯರ ಆತಂಕ ಸುಳ್ಳಾಗಿರಲಿಲ್ಲ ಎಂಬುದನ್ನು ನಾವು ಒಪ್ಪಲೇಬೇಕು.

ಸರ್ಕಾರ ಕಾನೂನು ತರುವ ಮೊದಲೇ ಪ್ರಕಾಶಕರು ಸೇರಿ ಸಂಘ ಕಟ್ಟಿಕೊಂಡು, 1954ರ ಅಕ್ಟೋಬರ್ 26ರಂದು ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಅಂಗೀಕರಿಸಿದರು. ನ್ಯೂಯಾರ್ಕಿನಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ಚಾರ್ಲ್ಸ್ ಮರ್ಫಿ ಅದರ ಮೊದಲ ಆಡಳಿತಾಧಿಕಾರಿ. ಪ್ರತಿ ಪುಟವನ್ನೂ ಮುದ್ರಣಕ್ಕೆ ಮೊದಲು ಅವರ ಕಚೇರಿಗೆ ಕಳಿಸಬೇಕು. ಒಪ್ಪಿಗೆಯಾದರೆ ಮುಖಪುಟದ ಮೇಲೆ ಮುದ್ರೆ. ಮುದ್ರೆಯಿಲ್ಲದ ಪುಸ್ತಕವನ್ನು ವಿತರಕರು ಮುಟ್ಟುತ್ತಿರಲಿಲ್ಲ. ಪಿಶಾಚಿ, ರಕ್ತಪಿಪಾಸುಗಳು ಬರಕೂಡದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಬರೆಯಕೂಡದು. ಒಳ್ಳೆಯದೇ ಗೆಲ್ಲಬೇಕು. ಯಾವ ಮತವನ್ನೂ ಜನಾಂಗವನ್ನೂ ಹೀಯಾಳಿಸಕೂಡದು. ಕಾಗದದ ಮೇಲೆ ಓದಿದರೆ ಇವುಗಳಲ್ಲಿ ಹಲವಕ್ಕೆ ನೀವೂ ತಲೆದೂಗುತ್ತೀರಿ.

ಬೆವರಿನ ಹನಿ

ಗೇನ್ಸ್ ಭಯಾನಕ ಮಾಲೆಗಳನ್ನೆಲ್ಲ ನಿಲ್ಲಿಸಿದರು. ವಿಜ್ಞಾನಕಥೆಯ ಪತ್ರಿಕೆಯೊಂದನ್ನು ಹೊಸ ಹೆಸರಿನಲ್ಲಿ ಮುಂದುವರಿಸಿದರು. 1956ರ ಆರಂಭದ ಸಂಚಿಕೆಗೆ ಕಳಿಸಿದ ಒಂದು ಕಥೆಯನ್ನು ಕೋಡ್ ಕಚೇರಿ ತಿರಸ್ಕರಿಸಿತು. ಅದರ ಸ್ಥಾನ ತುಂಬಲು ಅವರು ಹಳೆಯ ‘ತೀರ್ಪಿನ ದಿನ’ವನ್ನೇ ಕಳಿಸಿದರು. ಮುಂದೆ ನಡೆದದ್ದನ್ನು ಗೇನ್ಸ್ ಮತ್ತು ಫೆಲ್ಡ್‌ಸ್ಟೈನ್ ಅನಂತರ ಹಲವು ಬಾರಿ ಹೇಳಿಕೊಂಡಿದ್ದಾರೆ. ಕೊನೆಯ ಚಿತ್ರದ ಯಾತ್ರಿ ಕಪ್ಪು ಬಣ್ಣದವನಾಗಿರಕೂಡದು ಎಂದು ಮರ್ಫಿ ಪಟ್ಟು ಹಿಡಿದರು. ಅವನು ಕಪ್ಪು ಬಣ್ಣದವನಾಗಿರುವುದರಲ್ಲಿಯೇ ಕಥೆಯ ಜೀವವಿದೆ ಎಂದು ಫೆಲ್ಡ್‌ಸ್ಟೈನ್ ಪಟ್ಟು ಬಿಡಲಿಲ್ಲ. ಪತ್ರಕರ್ತರನ್ನು ಕರೆಸಿ ಎಲ್ಲವನ್ನೂ ಬಯಲಿಗಿಡುತ್ತೇನೆಂದು ಗೇನ್ಸ್ ಎಚ್ಚರಿಸಿದಾಗ ಮರ್ಫಿ ಬೇಡಿಕೆಯನ್ನು ಇಳಿಸಿದರು: ಕನಿಷ್ಠ ಆ ಬೆವರ ಹನಿಗಳನ್ನಾದರೂ ತೆಗೆಯಿರಿ. ಗೇನ್ಸ್ ಅದಕ್ಕೂ ಒಪ್ಪಲಿಲ್ಲ. ಕಥೆ ಒಂದು ಗೆರೆಯೂ ಬದಲಾಗದೆ ಅಚ್ಚಾಯಿತು. ಇ.ಸಿ. ಸಂಸ್ಥೆ ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಕೋಡಿನ ವ್ಯಾಪ್ತಿಗೆ ಬರದ ‘ಮ್ಯಾಡ್’ ಹಾಸ್ಯಪತ್ರಿಕೆಯೊಂದೇ ಅವರ ಬಳಿ ಉಳಿಯಿತು.

ಈಗ ಯೋಚಿಸಿ. ಜನಾಂಗವನ್ನು ಹೀಯಾಳಿಸಕೂಡದೆಂದು ಬರೆದುಕೊಂಡಿದ್ದ ನಿಯಮಾವಳಿ ಅದು. ಆದರೆ ಕಪ್ಪು ಮನುಷ್ಯನೊಬ್ಬ ನ್ಯಾಯಾಧೀಶನ ಸ್ಥಾನದಲ್ಲಿ ಕುಳಿತಾಗ ತೊಡಕು ಕಂಡದ್ದೂ ಅದೇ ಕಚೇರಿಗೆ. ನಿಯಮ ಪುಸ್ತಕದಲ್ಲಿತ್ತು, ಪೂರ್ವಗ್ರಹ ಅದನ್ನು ಓದುವ ಕಣ್ಣಿನಲ್ಲಿತ್ತು. ಸೈಬ್ರಿನಿಯದ ಆ ತಿಳಿವಳಿಕೆಯ ಯಂತ್ರ ನೆನಪಾಗುವುದಿಲ್ಲವೇ?

ಕಾಲ ಉರುಳಿತು. 1971ರಲ್ಲಿ ಅಮೆರಿಕ ಸರ್ಕಾರದ ಇಲಾಖೆಯೊಂದರ ಕೋರಿಕೆಯಂತೆ ಸ್ಟಾನ್ ಲೀ ಮಾದಕ ವಸ್ತುಗಳ ಕೆಡುಕನ್ನು ತೋರಿಸುವ ಸ್ಪೈಡರ್‌ಮ್ಯಾನ್ ಕಥೆ ಬರೆದರು. ಮಾದಕ ವಸ್ತುವಿನ ಪ್ರಸ್ತಾಪವಿದೆ ಎಂಬ ಕಾರಣಕ್ಕೆ ಕೋಡ್ ಕಚೇರಿ ಮುದ್ರೆ ನಿರಾಕರಿಸಿತು. ಮಾರ್ವೆಲ್ ಸಂಸ್ಥೆ ಮುದ್ರೆಯಿಲ್ಲದೆಯೇ ಮೂರು ಸಂಚಿಕೆಗಳನ್ನು ಹೊರತಂದಿತು. ಅದೇ ವರ್ಷ ಕೋಡ್ ತಿದ್ದುಪಡಿಯಾಯಿತು. 2001ರಲ್ಲಿ ಮಾರ್ವೆಲ್ ಕೋಡನ್ನು ತೊರೆಯಿತು. 2011ರಲ್ಲಿ ಕೊನೆಯ ಪ್ರಕಾಶಕರೂ ಬಿಟ್ಟ ಮೇಲೆ ಅದು ಇಲ್ಲವಾಯಿತು. ಇನ್ನು ಟಾರ್ಲ್‌ಟನ್? 1983ರ ಆಗಸ್ಟಿನಲ್ಲಿ ಗಯ್ಯನ್ ಬ್ಲೂಫರ್ಡ್ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದಾಗ, ಕಥೆ ಪ್ರಕಟವಾಗಿ 30 ವರ್ಷಗಳಾಗಿದ್ದವು.

ನಮ್ಮ ನಾಡಿಗೆ ಬಂದರೆ

ಈ ಅಲೆ ಅಮೆರಿಕಕ್ಕೇ ಸೀಮಿತವಾಗಿರಲಿಲ್ಲ. ಬ್ರಿಟನ್ 1955ರಲ್ಲಿ ಭಯಾನಕ ಕಾಮಿಕ್ಸ್ ವಿರುದ್ಧ ಕಾನೂನು ಮಾಡಿತು. 1956ರಲ್ಲಿ ನಮ್ಮ ಸಂಸತ್ತೂ ಎಳೆಯರಿಗೆ ಹಾನಿಕಾರಕವಾದ ಪ್ರಕಟಣೆಗಳನ್ನು ತಡೆಯುವ ಕಾಯ್ದೆಯನ್ನು ಅಂಗೀಕರಿಸಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ‘ಅಮರ ಚಿತ್ರಕಥೆ’ ಮಾಲೆಯನ್ನು ಆರಂಭಿಸಿ ಪುರಾಣ, ಇತಿಹಾಸಗಳನ್ನು ಮಕ್ಕಳ ಕೈಗಿಟ್ಟರು. ಅದರಿಂದ ಕಲಿತವರು ಲಕ್ಷಾಂತರ ಮಂದಿ. ಆದರೂ ಆ ಮಾಲೆಯ ಹಲವು ಪುಸ್ತಕಗಳಲ್ಲಿ ದೇವತೆಗಳಿಗೆ ತಿಳಿಬಣ್ಣ, ಅಸುರರಿಗೆ ಕಡುಬಣ್ಣ ಬಂದಿರುವುದನ್ನು ವಿಮರ್ಶಕರು ಎತ್ತಿ ತೋರಿಸಿದ್ದಾರೆ. ಮಾತಿನಲ್ಲಿ ಎಲ್ಲೂ ಹೇಳದ ನೀತಿಯನ್ನು ಬಣ್ಣವು ಸದ್ದಿಲ್ಲದೆ ಹೇಳಿಬಿಡಬಲ್ಲದು. ಯಾವ ನಿಯಮಾವಳಿಯ ಕಣ್ಣಿಗೂ ಅದು ಸುಲಭವಾಗಿ ಬೀಳುವುದಿಲ್ಲ. ಅದನ್ನು ಕಾಣಬೇಕಾದವನು ಓದುಗನೇ.

ನೀವೂ ಒಂದು ಪ್ರಯೋಗ ಮಾಡಿ ನೋಡಬಹುದು. ಮನೆಯಲ್ಲಿಯೋ ಶಾಲೆಯ ಗ್ರಂಥಾಲಯದಲ್ಲಿಯೋ ಸಿಗುವ ಒಂದು ಚಿತ್ರಕಥೆ ಪುಸ್ತಕವನ್ನು ಆರಿಸಿಕೊಳ್ಳಿ. ಮಾತುಗಳನ್ನು ಕೈಯಿಂದ ಮರೆಮಾಡಿ ಚಿತ್ರಗಳನ್ನಷ್ಟೇ ನೋಡಿ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗುರುತಿಸಿ. ಹಾಗೆ ಗುರುತಿಸಿದ್ದು ಏತರಿಂದ ಎಂದು ಒಂದು ಹಾಳೆಯಲ್ಲಿ ಬರೆಯಿರಿ: ಅವರು ಮಾಡಿದ ಕೆಲಸದಿಂದಲೋ, ಮೈಬಣ್ಣ, ಮೂಗು, ಉಡುಪುಗಳಿಂದಲೋ? ಅನಂತರ ಮಾತುಗಳನ್ನು ಓದಿ ಹೋಲಿಸಿ, ಗೆಳೆಯರೊಡನೆ ಚರ್ಚಿಸಿ. ‘ಈ ಕಥೆಯ ನೀತಿಯೇನು?’ ಎಂಬ ಪ್ರಶ್ನೆಗೆ ಆಗ ಒಂದು ಸಾಲಿನ ಉತ್ತರ ಸಾಲದೆ ಹೋದರೆ, ನೀವು ಸರಿಯಾಗಿ ಓದಿದ್ದೀರಿ ಎಂದೇ ಅರ್ಥ.