ಸದೃಶ ಸನ್ಮಿಶ್ರ: ಎಣ್ಣೆಯ ಕಲಬೆರಕೆಯೂ ರಸಾಯನಶಾಸ್ತ್ರದ ಸಾಕ್ಷ್ಯವೂ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ಪ್ರತಿರೂಪಕ ವ್ಯವಹಾರ’ ಎಂದು ಕರೆದರೆ, ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನೇ ‘ಸದೃಶ ಸನ್ಮಿಶ್ರ’ ಎಂದಿದ್ದಾರೆ. ನೋಡಲು ಒಂದೇ ತೆರನಾದ ಕೀಳು ವಸ್ತುವನ್ನು ಮೇಲಾದ ವಸ್ತುವಿನಲ್ಲಿ ಬೆರೆಸಿ ಮಾರುವುದೆಂದು ಇದರ ತಾತ್ಪರ್ಯ. ಟೀಕಾಕಾರರಾದ ಪ್ರಭಾಚಂದ್ರರು ಇದಕ್ಕೆ ಕೊಡುವ ನಿದರ್ಶನ, ತುಪ್ಪಕ್ಕೆ ಎಣ್ಣೆಯನ್ನು ಬೆರೆಸುವುದು. ಇಲ್ಲಿ ‘ಸದೃಶ’ ಎಂಬ ಪದವು ವಿಚಾರಾರ್ಹವಾದುದು. ಹಾಲಿಗೆ ಇದ್ದಿಲನ್ನು ಬೆರೆಸುವವರು ಯಾರೂ ಇಲ್ಲ. ಸಾದೃಶ್ಯವಿರುವೆಡೆಯಲ್ಲಿ ಮಾತ್ರ ವಂಚನೆ ನಡೆಯುತ್ತದೆ. ಆ ಸಾದೃಶ್ಯವನ್ನು ಭೇದಿಸಲು ಮನುಷ್ಯನು ಪಟ್ಟ ಶ್ರಮವೇ ಎಣ್ಣೆಗಳ ರಾಸಾಯನಿಕ ಪರೀಕ್ಷೆಯ ಇತಿಹಾಸ.

ಊರಿನ ಗಾಣದ ಮುಂದೆ ನಿಂತು ತನ್ನ ಕಾಳನ್ನು ತಾನೇ ಅರೆಸಿಕೊಂಡು ಬರುತ್ತಿದ್ದ ಕಾಲದಲ್ಲಿ ಕಣ್ಣು, ಮೂಗು, ನಾಲಗೆಗಳೇ ಪರೀಕ್ಷಕರಾಗಿದ್ದವು. ಎಣ್ಣೆಯು ಡಬ್ಬಗಳಲ್ಲಿ ತುಂಬಿ ರೈಲಿನಲ್ಲಿ ದೂರದ ಊರುಗಳಿಗೆ ಹೋಗತೊಡಗಿದ ಮೇಲೆ, ಕೊಳ್ಳುವವನಿಗೆ ಮಾರುವವನ ಮುಖವೂ ಕಾಣದಂತಾಯಿತು. ಕಾಳಂತೂ ಕಾಣಲೇ ಇಲ್ಲ. ಆಗ ಇಂದ್ರಿಯಗಳ ಸಾಕ್ಷ್ಯವು ಸಾಲದೆ ಹೋಯಿತು.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಕೊಬ್ಬುಗಳ ರಚನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು 1823ರಲ್ಲಿ ಪ್ರಕಟಿಸಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದನು. ಬಳಿಕ ಆ ಶತಮಾನದ ಕೊನೆಯ ಭಾಗದಲ್ಲಿ ಪ್ರತಿಯೊಂದು ಎಣ್ಣೆಗೂ ಒಂದು ‘ಸಂಖ್ಯೆ’ಯನ್ನು ಕೊಡುವ ವಿಧಾನಗಳು ಬಂದವು. ಒಂದು ಗ್ರಾಂ ಎಣ್ಣೆಯನ್ನು ಸಾಬೂನಾಗಿಸಲು ಎಷ್ಟು ಮಿಲಿಗ್ರಾಂ ಕ್ಷಾರ ಬೇಕೆಂಬುದನ್ನು ಅಳೆಯುವ ಕ್ರಮವನ್ನು 1879ರಲ್ಲಿ ಕೊಟ್ಸ್‌ಟಾರ್ಫರ್ ತಂದನು. ಎಣ್ಣೆಯು ಎಷ್ಟು ಅಯೋಡಿನ್ನನ್ನು ಹೀರಿಕೊಳ್ಳುತ್ತದೆಂಬುದನ್ನು 1884ರಲ್ಲಿ ಹ್ಯೂಬಲ್ ಅಳೆದನು. ಹತ್ತಿಬೀಜದ ಎಣ್ಣೆಯನ್ನು ಕೆಂಪು ಬಣ್ಣದಿಂದ ಗುರುತಿಸುವ ಹಾಲ್ಫೆನ್ ಪರೀಕ್ಷೆಯು 1897ರಲ್ಲಿ ಬಂದಿತು. ನಾಲಗೆಯನ್ನು ವಂಚಿಸಿದ ಎಣ್ಣೆಯು ಈ ಸಂಖ್ಯೆಗಳ ಮುಂದೆ ಬಹುಮಟ್ಟಿಗೆ ಸಿಕ್ಕಿಬೀಳುವಂತಾಯಿತು.

ಆದರೆ ಈ ಸಂಖ್ಯೆಗಳಿಗೂ ಒಂದು ಮಿತಿಯಿತ್ತು. ಆ ಮಿತಿಯ ಅರಿವು ಬಂಗಾಳದ ಜನರ ಪ್ರಾಣದ ಬೆಲೆಯಿಂದ ದೊರೆಯಿತು.

1877ರಲ್ಲಿ ಕಲ್ಕತ್ತಾದಲ್ಲಿ ಒಂದು ವಿಚಿತ್ರ ವ್ಯಾಧಿ ಕಾಣಿಸಿಕೊಂಡಿತು. ಕಾಲುಗಳು ಊದಿಕೊಳ್ಳುವುವು, ಉಸಿರಾಟ ಕಷ್ಟವಾಗುವುದು, ಕೆಲವರಲ್ಲಿ ಹೃದಯವು ಸೋತು ಮರಣ ಸಂಭವಿಸುವುದು. ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಟ್ಟಿಗೆ ರೋಗಕ್ಕೆ ಬೀಳುತ್ತಿದ್ದರು. ವೈದ್ಯರು ಇದನ್ನು ಬಹುಕಾಲ ಬೆರಿಬೆರಿಯೊಡನೆ ಸೇರಿಸಿ ಗೊಂದಲಪಟ್ಟರು. ಕೆಡುವಂತೆ ಕೂಡಿಟ್ಟ ಅಕ್ಕಿಯೇ ಕಾರಣವೆಂದು ವಾದಿಸಿದವರೂ ಉಂಟು. ಸಾಸಿವೆ ಎಣ್ಣೆಯ ಮೇಲಣ ಸಂದೇಹವನ್ನು 1926ರಲ್ಲಿ ಸರ್ಕಾರ್ ಎಂಬ ವೈದ್ಯರು ಸ್ಪಷ್ಟವಾಗಿ ಮುಂದಿಟ್ಟರು. 1937ರಲ್ಲಿ ಲಾಲ್ ಮತ್ತು ರಾಯ್ ಎಂಬ ಸಂಶೋಧಕರು, ರೋಗಕ್ಕೆ ಮೂಲವು ಸಾಸಿವೆ ಎಣ್ಣೆಯೊಡನೆ ಬೆರೆತ ಮತ್ತೊಂದು ಎಣ್ಣೆಯೆಂಬುದಕ್ಕೆ ಆಧಾರಗಳನ್ನು ಒದಗಿಸಿದರು. ಮೊದಲ ರೋಗಿಗಳು ಕಂಡ ದಿನದಿಂದ ಅಷ್ಟರೊಳಗೆ ಅರುವತ್ತು ವರ್ಷಗಳು ಕಳೆದಿದ್ದವು.

ಆ ಮತ್ತೊಂದು ಎಣ್ಣೆಯು ಆರ್ಜಿಮೋನ್ ಎಂಬ ಗಿಡದ ಬೀಜದ್ದು. ಮೆಕ್ಸಿಕೋದಿಂದ ಬಂದು ನಮ್ಮ ದೇಶದ ಬಯಲುಗಳಲ್ಲಿಯೂ ಹೊಲದ ಬದುಗಳಲ್ಲಿಯೂ ಹಬ್ಬಿರುವ, ಹಳದಿ ಹೂವಿನ ಮುಳ್ಳುಗಿಡವಿದು. ಕನ್ನಡದಲ್ಲಿ ಇದನ್ನು ಅರಿಸಿನ ಉಮ್ಮತ್ತ ಎನ್ನುವುದುಂಟು. ಇದರ ಬೀಜ ಸಣ್ಣದು, ಕಪ್ಪು, ದುಂಡು. ಸಾಸಿವೆಯ ಕಾಳಿನೊಡನೆ ಬೆರೆತರೆ ಬೇರ್ಪಡಿಸುವುದು ಕಷ್ಟ. ‘ಸದೃಶ’ವೆಂಬ ಮಾತಿಗೆ ಇದಕ್ಕಿಂತ ಕ್ರೂರವಾದ ನಿದರ್ಶನ ದೊರೆಯಲಾರದು. ಇದರಲ್ಲಿನ ವಿಷವಾದ ಸ್ಯಾಂಗ್ವಿನರಿನ್ ಎಂಬ ಕ್ಷಾರಾಭವನ್ನು 1948ರಲ್ಲಿ ಬೇರ್ಪಡಿಸಿ ತೋರಿಸಲಾಯಿತು.

ಹಾಗಾದರೆ ಎಣ್ಣೆಯ ಸಂಖ್ಯೆಗಳು ಈ ವಿಷವನ್ನೇಕೆ ತೋರಿಸಲಾರವು? ನಮ್ಮ ದೇಶದ ಮಾನದಂಡದಂತೆ ಸಾಸಿವೆ ಎಣ್ಣೆಯ ಸಾಬೂನೀಕರಣ ಸಂಖ್ಯೆಯು 168ರಿಂದ 177ರ ನಡುವೆ ಇರಬೇಕು. ಆರ್ಜಿಮೋನ್ ಎಣ್ಣೆಯ ಸಂಖ್ಯೆ ಇದಕ್ಕಿಂತ ಹೆಚ್ಚು. ಆದರೆ ನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಬೆರೆತಾಗ ಆಗುವ ವ್ಯತ್ಯಾಸವು ಸಹಜವಾದ ಏರಿಳಿತದೊಳಗೆ ಮುಚ್ಚಿಹೋಗುತ್ತದೆ. ದೇಹಕ್ಕಾದರೋ ಆ ಒಂದು ಪಾಲೇ ಸಾಕು. ಸಂಖ್ಯೆಯು ಇಡೀ ಎಣ್ಣೆಯ ಸರಾಸರಿ ಗುಣವನ್ನು ಹೇಳುತ್ತದೆ. ಅದರೊಳಗೆ ಅಡಗಿದ ಅಲ್ಪ ವಿಷವನ್ನು ಹೇಳುವುದಿಲ್ಲ. ಆದುದರಿಂದ ವಿಷವನ್ನೇ ಹುಡುಕುವ ಪರೀಕ್ಷೆ ಬೇಕಾಯಿತು. ಎಣ್ಣೆಗೆ ಸಮಪ್ರಮಾಣದ ಪ್ರಬಲ ನೈಟ್ರಿಕ್ ಆಮ್ಲವನ್ನು ಸೇರಿಸಿ ಕುಲುಕಿ ಬಿಟ್ಟರೆ, ಆರ್ಜಿಮೋನ್ ಇದ್ದಲ್ಲಿ ಆಮ್ಲದ ಪದರವು ಕಿತ್ತಳೆ ಹಳದಿಯಿಂದ ಕಡುಗೆಂಪಿನವರೆಗೆ ಬಣ್ಣ ತಳೆಯುತ್ತದೆ. ಶೇಕಡಾ 0.25ರಷ್ಟು ಬೆರಕೆಯನ್ನು ಇದು ತೋರಿಸಬಲ್ಲದು. ಕಾಗದದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ಪೇಪರ್ ಕ್ರೊಮಟೋಗ್ರಫಿಯಂತೂ ಶೇಕಡಾ 0.0001ರಷ್ಟನ್ನೂ ಪತ್ತೆಮಾಡುತ್ತದೆ. ಈ ಆಮ್ಲವು ಅಪಾಯಕಾರಿಯಾದುದರಿಂದ ಇದು ಪ್ರಯೋಗಶಾಲೆಯ ಕೆಲಸವೇ ಹೊರತು ಅಡುಗೆಮನೆಯದಲ್ಲ.

ಇಷ್ಟೆಲ್ಲ ತಿಳಿದ ಮೇಲೆ ರೋಗವು ನಿಂತಿರಬೇಕೆಂದು ಯಾರಾದರೂ ಭಾವಿಸುವುದು ಸಹಜ. 1998ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ದೆಹಲಿಯಲ್ಲಿ ಅದೇ ವ್ಯಾಧಿ ಹಬ್ಬಿ 60ಕ್ಕೂ ಹೆಚ್ಚು ಜನ ಮೃತರಾದರು. ಅಸ್ವಸ್ಥರಾದವರು ಸುಮಾರು 3,000 ಮಂದಿ. ಕಾರಣವೂ ಅದೇ, ಪರೀಕ್ಷೆಯೂ ಅದೇ. ವಿದ್ಯೆಯ ಕೊರತೆ ಅಲ್ಲಿರಲಿಲ್ಲ. ಎಣ್ಣೆಯು ಮಾರಾಟವಾಗುವ ಮೊದಲು ಆ ವಿದ್ಯೆಯನ್ನು ಬಳಸಿದವರಿರಲಿಲ್ಲ. ಆ ವರ್ಷವೇ ಸರ್ಕಾರವು ಖಾದ್ಯ ತೈಲಗಳನ್ನು ಪೊಟ್ಟಣ ಕಟ್ಟಿ ಮಾರುವ ಬಗ್ಗೆ ಆದೇಶವನ್ನು ಹೊರಡಿಸಿತು.

ಹೊಲದಲ್ಲಿ ಕಾಳು ತಾನಾಗಿಯೇ ಬೆರೆತಿರಬಹುದಲ್ಲವೇ ಎಂದು ಕೇಳುವುದುಂಟು. ಬೆರೆಯಬಹುದು. ಬೇಕೆಂದೇ ಬೆರೆಸಿದುದು ವಂಚನೆ. ನೋಡದೆ ಅರೆದುದು ಪ್ರಮಾದ. ಆದರೆ ಉಂಡವನ ದೇಹಕ್ಕೆ ಇವೆರಡರ ಭೇದವು ತಿಳಿಯದು. ಪ್ರಮಾದವನ್ನು ಹಿಂಸೆಯ ಮೂಲವೆಂದು ತಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಪ್ಪದ ವಿಷಯದಲ್ಲಿ ನಮ್ಮ ದೇಶವು ಅನುಸರಿಸಿದ ಉಪಾಯವೊಂದು ಇಲ್ಲಿ ಉಲ್ಲೇಖನೀಯವಾದುದು. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸುವುದು ಹೆಚ್ಚಿದಾಗ, ತಯಾರಾಗುವ ವನಸ್ಪತಿಯಲ್ಲೆಲ್ಲ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಇರಲೇಬೇಕೆಂದು ನಿಯಮ ಮಾಡಲಾಯಿತು. ಎಳ್ಳೆಣ್ಣೆಯು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಲ್ ಸೇರಿದಾಗ ಕೆಂಪಾಗುತ್ತದೆ. ಇದೇ ಬೌಡೊಯಿನ್ ಪರೀಕ್ಷೆ. ತುಪ್ಪವು ಕೆಂಪಾಯಿತೆಂದರೆ ಅದರಲ್ಲಿ ವನಸ್ಪತಿ ಇರುವ ಶಂಕೆ. ಸದೃಶವಾದುದಕ್ಕೆ ಒಂದು ಗುರುತನ್ನು ಮೊದಲೇ ಇಟ್ಟುಬಿಡುವ ಜಾಣ್ಮೆಯಿದು. ಹಾಗೆಂದು ಕೆಂಪಾಗದ ತುಪ್ಪವೆಲ್ಲ ಶುದ್ಧವೆನ್ನಲಾಗದು. ಬೇರೊಂದು ಕೊಬ್ಬು ಬೆರೆತಿದ್ದರೆ ಈ ಪರೀಕ್ಷೆ ಮೌನವಾಗಿರುತ್ತದೆ. ಪರೀಕ್ಷೆಯು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಬಸದಿಯ ನಂದಾದೀಪಕ್ಕೆ, ಅಭಿಷೇಕಕ್ಕೆ, ಆಹಾರದಾನಕ್ಕೆ ತುಪ್ಪವನ್ನೂ ಎಣ್ಣೆಯನ್ನೂ ಕೊಳ್ಳುವ ಟ್ರಸ್ಟುಗಳು ಈ ಮಾತನ್ನು ನೆನಪಿನಲ್ಲಿಡಬೇಕು. ಕಡಿಮೆ ಬೆಲೆಯೊಂದನ್ನೇ ನೋಡಿ ಕೊಳ್ಳುವುದು ಬೆರೆಸುವವನಿಗೆ ನಾವೇ ಕೊಡುವ ಪ್ರೋತ್ಸಾಹವಾಗುತ್ತದೆ. 1954ರ ಕಲಬೆರಕೆ ತಡೆ ಕಾಯಿದೆಯು ಕೊಳ್ಳುವವನಿಗೂ ಆಹಾರವನ್ನು ಪರೀಕ್ಷೆ ಮಾಡಿಸುವ ಹಕ್ಕನ್ನು ಕೊಟ್ಟಿತ್ತು. ಅದರ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ವಿಧಿಯಲ್ಲೂ ಆ ಹಕ್ಕು ಉಳಿದಿದೆ. ಶುಲ್ಕ ಕೊಟ್ಟು ಮಾದರಿಯನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ದೋಷವು ರುಜುವಾದರೆ ಶುಲ್ಕವು ಹಿಂದಿರುಗುತ್ತದೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಂತಹ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವುದು ಭಾಗ್ಯವೇ ಸರಿ.

ನೈಟ್ರಿಕ್ ಆಮ್ಲದ ಕಣ್ಣಿಗೆ ಕಾಣದುದನ್ನು ಪೇಪರ್ ಕ್ರೊಮಟೋಗ್ರಫಿ ಕಂಡಿತು. ಅದಕ್ಕೂ ಕಾಣದುದನ್ನು ಮುಂದೆ ಇನ್ನೊಂದು ಉಪಕರಣ ಕಂಡೀತು. ಬೆರೆಸಿದವನಿಗಾದರೋ ಯಾವ ಉಪಕರಣವೂ ಬೇಕಿಲ್ಲ. ಬೆರೆಸುವ ಕ್ಷಣದಲ್ಲಿಯೇ ಅವನಿಗೆ ತಿಳಿದಿರುತ್ತದೆ. ಆಚಾರ್ಯರು ಈ ಅತಿಚಾರವನ್ನು ಹೇಳಿದಾಗ ಪ್ರಯೋಗಶಾಲೆಗಳಿರಲಿಲ್ಲ. ಅವರು ನಂಬಿದ್ದು ಆ ಅರಿವನ್ನೇ. ಪ್ರಯೋಗಶಾಲೆಯು ತಪ್ಪಿತಸ್ಥನನ್ನು ಹಿಡಿಯಬಲ್ಲದು. ತಪ್ಪನ್ನು ಮೊದಲೇ ತಡೆಯಬೇಕಾದ ವ್ರತವು ಮಾರುವವನ ಅಂಗಡಿಯಲ್ಲಿ, ಕೊಳ್ಳುವ ನಮ್ಮ ವಿವೇಕದಲ್ಲಿ ಇರಬೇಕು.