ಆನ್‌ಲೈನ್ ಬ್ಯಾಸ್ಕೆಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ಆಟಗಾರರ ತರಬೇತಿ

ಬ್ಯಾಸ್ಕೆಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ಆಡುವವರು ಅಂತರಜಾಲದಲ್ಲಿ ಒಂದು ಕಾಲ್ಪನಿಕ ಕ್ಲಬ್ಬಿನ ಹೊಣೆ ಹೊರುತ್ತಾರೆ. ಆಟಗಾರರನ್ನು ಕೊಳ್ಳುವುದು, ಮಾರುವುದು, ಸಂಬಳ ಕೊಡುವುದು, ಪಂದ್ಯಕ್ಕೆ ಯಾರನ್ನು ಯಾವ ಜಾಗದಲ್ಲಿ ಇಳಿಸಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಪಂದ್ಯವನ್ನು ಮಾತ್ರ ಸರ್ವರ್ ತಾನೇ ಲೆಕ್ಕ ಹಾಕಿ ನಡೆಸುತ್ತದೆ. ಅಲ್ಲಿ ಕೈಚಳಕಕ್ಕೆ ಎಡೆಯಿಲ್ಲ. ಈ ಬಗೆಯ ಆಟಗಳಿಗೆ ದಾರಿ ಮಾಡಿಕೊಟ್ಟದ್ದು 1997ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಹ್ಯಾಟ್ರಿಕ್ ಎಂಬ ಫುಟ್‌ಬಾಲ್ ಆಟ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದೇ ಜಾಡು ಹಿಡಿದದ್ದು 2007ರಲ್ಲಿ ಬಂದ ಬಝರ್‌ಬೀಟರ್. ಅದಕ್ಕೆ ಬ್ರೌಸರ್ ಒಂದಿದ್ದರೆ ಸಾಕು. ಮಂಡ್ಯದ ಕಾಲೇಜು ಹುಡುಗನೂ ಯುರೋಪಿನ ಯಾವುದೋ ಊರಿನ ಉದ್ಯೋಗಿಯೂ ಒಂದೇ ನಿಯಮಗಳಡಿ ಆಡಬಹುದು. ತರಬೇತಿಯ ಆಯ್ಕೆಗಳು ಈ ಆಟದಲ್ಲಿ ಚೆನ್ನಾಗಿ ರೂಪುಗೊಂಡಿರುವುದರಿಂದ ಇಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಆಟಗಾರನೊಬ್ಬನ ಸಾಮರ್ಥ್ಯವನ್ನು ಹತ್ತು ಮುಖ್ಯ ಕೌಶಲಗಳಾಗಿ ಒಡೆದಿಡಲಾಗಿದೆ. ಜಂಪ್ ಶಾಟ್, ದೂರದಿಂದ ಗುರಿಯಿಡುವ ಶಕ್ತಿ, ಬುಟ್ಟಿಯಿಂದ ದೂರದಲ್ಲಿ ಎದುರಾಳಿಯನ್ನು ತಡೆಯುವುದು, ಚೆಂಡಿನ ಮೇಲಿನ ಹಿಡಿತ, ಎದುರಾಳಿಯನ್ನು ದಾಟಿ ನುಗ್ಗುವುದು ಮತ್ತು ಪಾಸ್ ಕೊಡುವುದು ಗಾರ್ಡ್‌ಗಳಿಗೆ ಹೆಚ್ಚಾಗಿ ಬೇಕಾದವು. ಬುಟ್ಟಿಯ ಹತ್ತಿರದ ಶಾಟ್, ಅಲ್ಲಿಯ ರಕ್ಷಣೆ, ರೀಬೌಂಡ್ ಮತ್ತು ಬ್ಲಾಕ್ ಎತ್ತರದವರಿಗೆ ಬೇಕಾದವು. ಇವುಗಳ ಜೊತೆಗೆ ದಮ್ಮು, ಫ್ರೀ ಥ್ರೋ ಮತ್ತು ಅನುಭವ ಬೇರೆಯಾಗಿ ನಮೂದಾಗಿರುತ್ತವೆ. ಪ್ರತಿ ಕೌಶಲಕ್ಕೂ ಕೆಳಗಿನಿಂದ ಮೇಲಕ್ಕೆ ಇಪ್ಪತ್ತು ಮೆಟ್ಟಿಲುಗಳಿದ್ದು, ಒಂದೊಂದು ಮೆಟ್ಟಿಲಿಗೂ ಒಂದೊಂದು ಹೆಸರಿದೆ. ಪರದೆಯ ಮೇಲೆ ಕಾಣುವುದು ಪೂರ್ಣ ಮೆಟ್ಟಿಲು ಮಾತ್ರ. ನಡುವಿನ ಭಿನ್ನಾಂಶ ಒಳಗೇ ಅಡಗಿರುತ್ತದೆ. ಆದ್ದರಿಂದ ಒಂದು ವಾರ ಏನೂ ಬದಲಾಗದಂತೆ ಕಂಡರೂ ತರಬೇತಿ ವ್ಯರ್ಥವಾಗಿರುವುದಿಲ್ಲ. ಹೊಸಬರು ಇದನ್ನು ಅರಿಯದೆ ಎರಡು ವಾರಕ್ಕೇ ತರಬೇತಿಯ ಬಗೆಯನ್ನು ಬದಲಿಸಿಬಿಡುತ್ತಾರೆ. ಈ ಆಟದಲ್ಲಿ ತಾಳ್ಮೆಗೆಟ್ಟವರು ಕಳೆದುಕೊಳ್ಳುವಷ್ಟನ್ನು ತಪ್ಪು ಆಯ್ಕೆ ಮಾಡಿದವರೂ ಕಳೆದುಕೊಳ್ಳುವುದಿಲ್ಲ.

ತರಬೇತಿಯ ಲೆಕ್ಕ ವಾರಕ್ಕೊಮ್ಮೆ, ಶುಕ್ರವಾರ ನಡೆಯುತ್ತದೆ. ಅದಕ್ಕೆ ಮೊದಲು ಮ್ಯಾನೇಜರ್ ಇಡೀ ತಂಡಕ್ಕೆ ಒಂದೇ ಒಂದು ಬಗೆಯ ತರಬೇತಿಯನ್ನು ಆರಿಸಿರಬೇಕು. ಒಬ್ಬನಿಗೆ ಪಾಸ್, ಇನ್ನೊಬ್ಬನಿಗೆ ರೀಬೌಂಡ್ ಎಂದು ಹಂಚುವಂತಿಲ್ಲ. ಕೌಶಲದ ಜೊತೆಗೆ ಆ ತರಬೇತಿ ಯಾವ ಜಾಗದಲ್ಲಿ ಆಡಿದವರಿಗೆ ಸಲ್ಲಬೇಕು ಎಂಬುದನ್ನೂ ಗೊತ್ತುಮಾಡಬೇಕು. ಪಾಸ್ ತರಬೇತಿ ಪಾಯಿಂಟ್ ಗಾರ್ಡ್‌ಗೆ ಮಾತ್ರವೋ ಎರಡೂ ಗಾರ್ಡ್ ಜಾಗಗಳಿಗೋ, ಬುಟ್ಟಿ ಬಳಿಯ ರಕ್ಷಣೆ ಸೆಂಟರ್‌ಗೆ ಮಾತ್ರವೋ ಸೆಂಟರ್ ಮತ್ತು ಪವರ್ ಫಾರ್ವರ್ಡ್ ಇಬ್ಬರಿಗೋ ಎಂಬಂತಹ ಆಯ್ಕೆಗಳು ಅವು. ಜಾಗಗಳು ಹೆಚ್ಚಿದಂತೆ ಒಬ್ಬೊಬ್ಬರ ಬೆಳವಣಿಗೆಯ ವೇಗ ತಗ್ಗುತ್ತದೆ.

ಇಡೀ ವ್ಯವಸ್ಥೆಯ ತಿರುಳಿರುವುದು ಆಡಿದ ನಿಮಿಷಗಳಲ್ಲಿ. ಆಟಗಾರ ಆ ವಾರ ತರಬೇತಿಗೆ ಗೊತ್ತುಮಾಡಿದ ಜಾಗದಲ್ಲಿ ನಿಜವಾಗಿ ಆಡಿದ ನಿಮಿಷಗಳಿಗೆ ತಕ್ಕಂತೆ ತರಬೇತಿ ಅವನಿಗೆ ದಕ್ಕುತ್ತದೆ. 48 ನಿಮಿಷ ತುಂಬಿದರೆ ಪೂರ್ತಿ ಫಲ. ಅದಕ್ಕಿಂತ ಹೆಚ್ಚು ಆಡಿದರೆ ಹೆಚ್ಚಿನ ಲಾಭವೇನಿಲ್ಲ. ಪಂದ್ಯದ ಅವಧಿಯೂ 48 ನಿಮಿಷವೇ. ಅಂತರರಾಷ್ಟ್ರೀಯ ನಿಯಮದ 40 ನಿಮಿಷದ ಬದಲು ಅಮೆರಿಕದ ಎನ್‌ಬಿಎ ಪದ್ಧತಿಯಂತೆ ಹನ್ನೆರಡು ನಿಮಿಷದ ನಾಲ್ಕು ಪಾದಗಳು. ವಾರಕ್ಕೆ ಸಾಮಾನ್ಯವಾಗಿ ಮೂರು ಪಂದ್ಯ ಸಿಗುತ್ತವೆ. ಪಾಯಿಂಟ್ ಗಾರ್ಡ್ ಒಂದೇ ಜಾಗಕ್ಕೆ ತರಬೇತಿ ಇಟ್ಟರೆ ವಾರಕ್ಕೆ 144 ನಿಮಿಷ, ಅಂದರೆ ಪೂರ್ಣ ಫಲ ಪಡೆಯುವವರು ಮೂವರು. ಎರಡು ಜಾಗಕ್ಕೆ ಇಟ್ಟರೆ 288 ನಿಮಿಷ, ಆರು ಮಂದಿ. ಆದರೆ ಆರೂ ಮಂದಿ ನಿಧಾನವಾಗಿ ಬೆಳೆಯುತ್ತಾರೆ. ಮೂವರನ್ನು ಬೇಗ ಬೆಳೆಸುವುದೋ ಆರು ಮಂದಿಯನ್ನು ಮೆಲ್ಲಗೆ ಬೆಳೆಸುವುದೋ ಎಂಬುದೇ ಹೊಸ ಮ್ಯಾನೇಜರ್ ಎದುರಿಸುವ ಮೊದಲ ಗಂಭೀರ ಪ್ರಶ್ನೆ. ಕೈಯಲ್ಲಿ ನಿಜವಾಗಿಯೂ ಭರವಸೆಯ ಮೂವರಿದ್ದರೆ ಮೊದಲನೆಯದೇ ಸರಿ. ಆಟಗಾರರನ್ನು ಬೆಳೆಸಿ ಮಾರಿ ಕ್ಲಬ್ಬಿನ ಖಜಾನೆ ತುಂಬುವ ಉದ್ದೇಶವಿದ್ದರೆ ಎರಡನೆಯದಕ್ಕೆ ಅರ್ಥವಿದೆ.

ಹೀಗೆ ತರಬೇತಿಯ ಬೆಲೆಯನ್ನು ಪಂದ್ಯದಲ್ಲೇ ತೆರಬೇಕಾಗುತ್ತದೆ. ಹದಿನೆಂಟರ ಹುಡುಗನನ್ನು 48 ನಿಮಿಷವೂ ಅಂಗಳದಲ್ಲಿ ನಿಲ್ಲಿಸಿದರೆ ಅನುಭವಿ ಗಾರ್ಡ್ ಬೆಂಚಿನಲ್ಲಿ ಕೂರಬೇಕು. ಆ ಪಂದ್ಯ ಸೋತರೂ ಸೋಲಬಹುದು. ಜಾಗ ಬದಲಿಸಿ ಆಡಿಸುವ ಉಪಾಯದಲ್ಲಿ ಈ ಬೆಲೆ ಇನ್ನೂ ಏರುತ್ತದೆ. ಎತ್ತರದ ಸೆಂಟರ್‌ಗೆ ಚೆಂಡಿನ ಹಿಡಿತದ ತರಬೇತಿ ಕೊಡಬೇಕಾದರೆ ಅವನನ್ನು ಗಾರ್ಡ್ ಜಾಗದಲ್ಲಿ ಆಡಿಸಬೇಕು. ಅಲ್ಲಿ ಅವನು ಚೆಂಡು ಕಳೆದುಕೊಳ್ಳುತ್ತಾನೆ, ಎದುರಾಳಿಯ ಚುರುಕಿನ ಗಾರ್ಡ್ ಅವನನ್ನು ಸಲೀಸಾಗಿ ದಾಟುತ್ತಾನೆ. ಆದರೂ ದೂರದೃಷ್ಟಿಯ ಮ್ಯಾನೇಜರುಗಳು ಸ್ನೇಹಪಂದ್ಯಗಳಲ್ಲಿ, ದುರ್ಬಲ ತಂಡಗಳೆದುರಿನ ಪಂದ್ಯಗಳಲ್ಲಿ ಇದನ್ನು ತಪ್ಪದೆ ಮಾಡುತ್ತಾರೆ. ಚೆಂಡು ನಿಭಾಯಿಸಬಲ್ಲ ಸೆಂಟರ್, ಬುಟ್ಟಿಯ ಬಳಿ ರಕ್ಷಣೆಗೂ ನಿಲ್ಲಬಲ್ಲ ಗಾರ್ಡ್ ಮುಂದಿನ ಹಂಗಾಮುಗಳಲ್ಲಿ ತಂಡವನ್ನು ಎತ್ತಿ ಹಿಡಿಯುತ್ತಾರೆ. ಒಂದು ಕೌಶಲ ಅದಕ್ಕೆ ಹತ್ತಿರದ ಕೌಶಲಗಳಿಗಿಂತ ಹಿಂದುಳಿದಿದ್ದರೆ ತರಬೇತಿಯಲ್ಲಿ ಬೇಗ ಮೇಲೇರುತ್ತದೆ ಎಂಬುದನ್ನೂ ಬಹುಕಾಲದಿಂದ ಆಡುತ್ತ ಬಂದವರು ಗುರುತಿಸಿದ್ದಾರೆ. ಆದ್ದರಿಂದ ಒಂದನ್ನೇ ತುತ್ತತುದಿಗೆ ಒಯ್ಯುವುದಕ್ಕಿಂತ ನಾಲ್ಕಾರು ಕೌಶಲಗಳನ್ನು ಒಟ್ಟಿಗೆ ಎತ್ತುವುದು ಲಾಭಕರ.

ಒಂದೇ ತರಬೇತಿ ಒಂದೇ ಕೌಶಲಕ್ಕೆ ಸೀಮಿತವೂ ಅಲ್ಲ. ಒಬ್ಬರಿಗೊಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದಲ್ಲಿ ನುಗ್ಗುವುದೂ ಚೆಂಡಿನ ಹಿಡಿತವೂ ಶಾಟ್ ಕೂಡ ಸ್ವಲ್ಪ ಸ್ವಲ್ಪ ಬೆಳೆಯುತ್ತವೆ. ಇಡೀ ತಂಡಕ್ಕೆ ಸಲ್ಲುವ ತರಬೇತಿಗಳೂ ಇವೆ. ದಮ್ಮು, ಫ್ರೀ ಥ್ರೋ ಮತ್ತು ಪಂದ್ಯಕ್ಕೆ ಸಜ್ಜಾಗಿರುವ ದೇಹಸ್ಥಿತಿ ಈ ಗುಂಪಿಗೆ ಸೇರುತ್ತವೆ. ಇವನ್ನು ಆರಿಸಿದ ವಾರ ಮುಖ್ಯ ಕೌಶಲಗಳ ಬೆಳವಣಿಗೆ ನಿಲ್ಲುತ್ತದೆ. ಹಾಗಾಗಿ ನಿರ್ಣಾಯಕ ಪಂದ್ಯಗಳು ಹತ್ತಿರವಾದಾಗ ಮಾತ್ರ ಹೆಚ್ಚಿನವರು ಇವುಗಳತ್ತ ನೋಡುತ್ತಾರೆ. ದೇಹಸ್ಥಿತಿ ಕೂಡ ಆಡಿದ ನಿಮಿಷಗಳನ್ನೇ ಅವಲಂಬಿಸಿದೆ. ವಾರದುದ್ದಕ್ಕೂ ಬೆಂಚಿನಲ್ಲಿ ಕೂತವನು ಜಡನಾಗುತ್ತಾನೆ, ಎರಡು ಪಂದ್ಯ ಪೂರ್ತಿ ಆಡಿದವನು ಬಳಲುತ್ತಾನೆ. ತರಬೇತಿಗೆ ಬೇಕಾದ 48 ನಿಮಿಷವನ್ನು ಮುಗಿಸಿ ಅದರಾಚೆ ಸ್ವಲ್ಪವೇ ಹೆಚ್ಚು ಆಡಿಸುವುದು ಎರಡಕ್ಕೂ ಹೊಂದುವ ಹಾದಿ.

ವಯಸ್ಸು, ಎತ್ತರ, ಅಂತಸ್ಸತ್ವ ಈ ಮೂರೂ ತರಬೇತಿಯ ವೇಗವನ್ನು ನಿರ್ಧರಿಸುತ್ತವೆ. ಹದಿಹರೆಯದವನು ಬೇಗ ಕಲಿಯುತ್ತಾನೆ. ಪ್ರತಿ ಹಂಗಾಮು ಕಳೆದಂತೆ ವೇಗ ಇಳಿಯುತ್ತದೆ. ಕುಳ್ಳರು ಗಾರ್ಡ್ ಕೌಶಲಗಳಲ್ಲಿ, ಎತ್ತರದವರು ಬುಟ್ಟಿ ಬಳಿಯ ಕೌಶಲಗಳಲ್ಲಿ ಶೀಘ್ರ ಪ್ರಗತಿ ತೋರುತ್ತಾರೆ. ಆಟದೊಳಗಿನ ಆಟಗಾರನ ಎತ್ತರ ಒಮ್ಮೆ ನಿಗದಿಯಾದರೆ ಬದಲಾಗುವುದಿಲ್ಲ. ಅಂತಸ್ಸತ್ವವೆಂದರೆ ಆಟಗಾರನ ಒಟ್ಟು ಕೌಶಲಗಳಿಗೆ ಹಾಕಿದ ಮೇಲ್ಮಿತಿ. ಅದನ್ನು ಮುಟ್ಟುತ್ತಿದ್ದಂತೆ ಎಷ್ಟೇ ತರಬೇತಿ ಕೊಟ್ಟರೂ ಫಲ ತೀರ ಕಡಿಮೆ. ಹೊಸ ಆಟಗಾರನನ್ನು ಕೊಳ್ಳುವಾಗ ಇಂದಿನ ಕೌಶಲಕ್ಕಿಂತ ಮೊದಲು ಈ ಮೂರನ್ನು ನೋಡಬೇಕು. ಇವುಗಳ ಮೇಲೆ ತರಬೇತುದಾರನ ದರ್ಜೆ ಬರುತ್ತದೆ. ಏಳರವರೆಗೆ ದರ್ಜೆಗಳಿದ್ದು, ಮೇಲಿನ ದರ್ಜೆಯವನ ಬಳಿ ಬೆಳವಣಿಗೆ ಬೇಗ, ಸಂಬಳವೂ ಹೆಚ್ಚು. ತರಬೇತಿ ಪಡೆಯುವ ಮೂವರು ಸಾಮಾನ್ಯ ಆಟಗಾರರಾಗಿದ್ದರೆ ದುಬಾರಿ ತರಬೇತುದಾರನಿಗೆ ತೆತ್ತ ಹಣ ಮರಳುವುದಿಲ್ಲ. ಕೌಶಲ ಏರಿದಂತೆ ಆಟಗಾರನ ಸಂಬಳವೂ ಹೊಸ ಹಂಗಾಮಿನಲ್ಲಿ ಏರುವುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಬುಟ್ಟಿ ಬಳಿಯ ಕೌಶಲಗಳನ್ನಷ್ಟೇ ಬೆಳೆಸಿಕೊಂಡ ಸೆಂಟರ್‌ನ ಸಂಬಳ ಸಣ್ಣ ಕ್ಲಬ್ಬಿಗೆ ಭಾರವಾಗುವುದು ಸಾಮಾನ್ಯ.

ಎಲ್ಲ ಮ್ಯಾನೇಜರ್ ಆಟಗಳೂ ಇಷ್ಟೊಂದು ಆಯ್ಕೆ ಕೊಡುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಜಿಎಂ ಎಂಬ ಉಚಿತ ಬ್ರೌಸರ್ ಆಟದಲ್ಲಿ ಆಟಗಾರನ ಏಳುಬೀಳು ವಯಸ್ಸು ಮತ್ತು ಅದೃಷ್ಟವನ್ನು ಅವಲಂಬಿಸಿದೆ. ಮ್ಯಾನೇಜರ್ ತರಬೇತಿ ವಿಭಾಗಕ್ಕೆ ಹೆಚ್ಚು ಹಣ ಹಾಕಿ ಅದನ್ನು ಸ್ವಲ್ಪ ಮಟ್ಟಿಗೆ ಪ್ರಭಾವಿಸಬಲ್ಲ. ಅಲ್ಲಿ ಹತ್ತಾರು ಹಂಗಾಮುಗಳನ್ನು ಒಂದೇ ಸಂಜೆಯಲ್ಲಿ ಓಡಿಸಬಹುದು. ಬಝರ್‌ಬೀಟರ್‌ನಲ್ಲಿ ಒಂದು ಹಂಗಾಮಿಗೆ ಹದಿನಾಲ್ಕು ವಾರ, ನಿಜವಾದ ಹದಿನಾಲ್ಕು ವಾರವೇ ಬೇಕು. ಒಬ್ಬ ಆಟಗಾರನನ್ನು ಬೆಳೆಸುವುದರ ಅರ್ಥ ತಿಳಿಯಬೇಕೆಂದರೆ ಎರಡನೆಯದೇ ತಕ್ಕ ಆಟ.

ನಿಜವಾದ ಅಂಗಳದ ತರಬೇತಿಗೆ ಹೋಲಿಸಿದಾಗ ಈ ವ್ಯವಸ್ಥೆಯ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. ಮಂಡ್ಯ ಜಿಲ್ಲೆಯಲ್ಲಿ ಶಾಲಾ ಕ್ರೀಡಾಕೂಟಗಳಾಗಲಿ ದಸರಾ ಕ್ರೀಡಾಕೂಟವಾಗಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಸಾಗುತ್ತವೆ. ಮದ್ದೂರು, ಮಳವಳ್ಳಿಯ ಮಕ್ಕಳು ಗೆದ್ದು ಬಂದರೆ ಮುಂದಿನ ಹಂತ ಜಿಲ್ಲಾ ಕೇಂದ್ರ ಮಂಡ್ಯದ್ದು, ಅದರಾಚೆ ಮೈಸೂರು ವಿಭಾಗದ್ದು. ಸೋತರೆ ಆ ವರ್ಷದ ಪಯಣ ಅಲ್ಲಿಗೇ ಮುಗಿಯುತ್ತದೆ. ಹೀಗಿರುವಾಗ ಪಿ.ಟಿ. ಮೇಷ್ಟ್ರು ಪಂದ್ಯದಲ್ಲಿ ಅತ್ಯುತ್ತಮ ಐವರನ್ನೇ ಇಳಿಸುತ್ತಾರೆ, ಇಳಿಸಲೇಬೇಕು. ಕಲಿಕೆಯೆಲ್ಲ ಬೆಳಗ್ಗೆ ಶಾಲೆ ಶುರುವಾಗುವ ಮುನ್ನ, ಸಂಜೆ ಗಂಟೆ ಹೊಡೆದ ಮೇಲೆ ನಡೆಯುವ ಅಭ್ಯಾಸದಲ್ಲಿ ಆಗಬೇಕು. ಕಂಪ್ಯೂಟರ್ ಆಟದಲ್ಲಿ ಪಂದ್ಯದ ನಿಮಿಷಗಳೇ ಕಲಿಕೆಯ ನಿಮಿಷಗಳು; ಅಂಗಳದಲ್ಲಿ ಅವೆರಡೂ ಬೇರೆ ಬೇರೆ. ಡ್ರಿಬ್ಲಿಂಗ್, ಲೇ-ಅಪ್, ಫ್ರೀ ಥ್ರೋಗಳನ್ನು ಒಂದೇ ಸಂಜೆ ಮೂರು ಗುಂಪು ಮಾಡಿ ಮೂವರಿಗೆ ಮೂರು ಬಗೆಯಲ್ಲಿ ಕಲಿಸುವ ಸೌಲಭ್ಯ ಮೇಷ್ಟ್ರಿಗಿದೆ, ವಾರಕ್ಕೊಂದೇ ಆಯ್ಕೆಯ ಮ್ಯಾನೇಜರ್‌ಗೆ ಇಲ್ಲ.

ಆದರೂ ಒಂದು ವಿಷಯದಲ್ಲಿ ಕಂಪ್ಯೂಟರ್ ಆಟದ ಪಾಠ ಅಂಗಳಕ್ಕೆ ನೇರವಾಗಿ ಅನ್ವಯಿಸುತ್ತದೆ. ಶಾಲಾ ತಂಡಗಳಲ್ಲಿ ಉದ್ದಕ್ಕಿರುವ ಹುಡುಗನನ್ನು ಅಥವಾ ಹುಡುಗಿಯನ್ನು ಮೊದಲ ದಿನವೇ ಬುಟ್ಟಿಯ ಕೆಳಗೆ ನಿಲ್ಲಿಸಿ, ರೀಬೌಂಡ್ ಹಿಡಿದು ಪಕ್ಕದವರಿಗೆ ಕೊಡುವಂತೆ ಹೇಳುವ ರೂಢಿಯಿದೆ. ತಾಲ್ಲೂಕು ಮಟ್ಟದಲ್ಲಿ ಅದರಿಂದ ಪಂದ್ಯ ಗೆಲ್ಲಲೂಬಹುದು. ಆದರೆ ಆ ಮಗು ಚೆಂಡು ನಿಭಾಯಿಸುವುದನ್ನು, ದೂರದಿಂದ ಗುರಿಯಿಡುವುದನ್ನು ಕಲಿಯುವುದೇ ಇಲ್ಲ. ಎಂಟನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಿದ್ದವನು ಪಿಯುಸಿಗೆ ಬರುವಷ್ಟರಲ್ಲಿ ಜೊತೆಯವರ ಸರಿಸಮಕ್ಕೆ ನಿಂತರೆ, ಅವನಿಗೆ ಆಡಲು ಜಾಗವೇ ಉಳಿದಿರುವುದಿಲ್ಲ. ಎತ್ತರದವನನ್ನೂ ಅಭ್ಯಾಸದಲ್ಲಿ ಪಾಯಿಂಟ್ ಗಾರ್ಡ್ ಆಗಿ ಆಡಿಸುವುದು, ಅವನಿಂದ ಚೆಂಡನ್ನು ಅಂಗಳದ ಉದ್ದಕ್ಕೂ ತರಿಸುವುದು ಇದಕ್ಕೆ ಪರಿಹಾರ. ಬೆಳೆಯುವ ಮಕ್ಕಳಿಗೆ ಎತ್ತರ ನೋಡಿ ಜಾಗ ಗೊತ್ತುಮಾಡುವುದು ತರಬೇತಿಯ ದೊಡ್ಡ ದೋಷ.

ಆಟ ಆರಂಭಿಸುವವರು ಮೊದಲ ಹಂಗಾಮಿನಲ್ಲಿ ಮಾಡಬೇಕಾದ್ದು ಹೆಚ್ಚಿಲ್ಲ. ಹದಿನೆಂಟು, ಹತ್ತೊಂಬತ್ತರ ವಯಸ್ಸಿನ, ಅಂತಸ್ಸತ್ವ ಚೆನ್ನಾಗಿರುವ, ಎತ್ತರ ಹೆಚ್ಚುಕಡಿಮೆ ಒಂದೇ ಆಗಿರುವ ಮೂವರನ್ನು ಆರಿಸಿಕೊಂಡು, ಅವರಿಗೆ ಹೊಂದುವ ಒಂದು ತರಬೇತಿಯನ್ನು ಕನಿಷ್ಠ ಅರ್ಧ ಹಂಗಾಮು ಬದಲಿಸದೆ ನಡೆಸಿ, ಪ್ರತಿ ಗುರುವಾರ ಅವರ ನಿಮಿಷಗಳು 48 ಮುಟ್ಟಿವೆಯೇ ಎಂದು ನೋಡಿಕೊಂಡರೆ ಸಾಕು. ಉಳಿದ ಸೂಕ್ಷ್ಮಗಳನ್ನು ಎರಡನೆಯ ಹಂಗಾಮಿನಿಂದ ಕಲಿಯಬಹುದು.